ಲಾವು ಬೆಟ್ಟಕ್ಕೊಂದು ಹಸಿರು ಚೀಲ

ಒದ್ದೆ ಕ್ಯಾನ್ವಾಸಿನ ವಾಸನೆಗೆ ಲವಂಗದ ಸಿಗರೇಟಿನ ಹೊಗೆ ಬೆರೆತರೆ ಹೇಗಿರುತ್ತದೋ, ಅದು ನನ್ನ ಅಪ್ಪನ ಬೆನ್ನುಚೀಲದ ವಾಸನೆ. ಅಪ್ಪ ಅರಣ್ಯ ಇಲಾಖೆಯಲ್ಲಿದ್ದರು. ತೇಗದ ತೋಪುಗಳನ್ನು ವಾರವಿಡೀ ಸುತ್ತಿ ಮನೆಗೆ ಬಂದವರು ಚೀಲವನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಕೂಡಲೇ ನಾನು ಅದರೊಳಗೆ ಮುಖವಿಟ್ಟು ಉಸಿರೆಳೆದುಕೊಳ್ಳುತ್ತಿದ್ದೆ. ಚೀಲವೆಂದರೆ ಒಂದು ಬಾಯಿ, ಎರಡು ಪಟ್ಟಿ. ಅದಕ್ಕಿಂತ ಹೆಚ್ಚಿನದೇನಾದರೂ ಇರಬಹುದೆಂದು ಇಷ್ಟು ವಯಸ್ಸಾದರೂ ನನಗೆ ಹೊಳೆದಿರಲಿಲ್ಲ.

ಪಾಕ್ ತರ್ಮುಜಿಯವರ ಅಂಗಡಿಯಲ್ಲಿ ಆ ವಾಸನೆ ಇರಲಿಲ್ಲ. ಹೊಸ ಟೈರಿನ ವಾಸನೆಯಿತ್ತು. ನಮ್ಮ ಕರಂಗಾನ್ಯಾರ್ ಪೇಟೆಯಲ್ಲಿ ಸೈನಿಕರು ತೊಡುವಂಥ ಬೂಟು, ಬೆಲ್ಟು, ಟೋಪಿ, ಚೀಲ ಮಾರುವ ಅಂಗಡಿ ಅದು. ಅಲ್ಲಿಗೆ ಸೈನಿಕರಿಗಿಂತ ಬೆಟ್ಟ ಹತ್ತುವವರೇ ಹೆಚ್ಚು ಬರುತ್ತಾರೆ, ಏಕೆಂದರೆ ಪೇಟೆಯ ದೊಡ್ಡ ಮಳಿಗೆಯ ಚೀಲಗಳು ನನ್ನಂಥ ಪಿಂಚಣಿದಾರರ ಕೈಗೆಟುಕುವುದಿಲ್ಲ. ಗೋಡೆಯ ತುಂಬ ಚೀಲಗಳು ನೇತಾಡುತ್ತಿದ್ದವು. ಒಂದೊಂದರ ಮೈಮೇಲೂ ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಪಟ್ಟಿಗಳು.

"ಇದೇನು ಪಾಕ್, ಇಷ್ಟೊಂದು ಪಟ್ಟಿ?"

"ಅದಕ್ಕೆ ಏನು ಬೇಕಾದ್ರೂ ಸಿಕ್ಕಿಸ್ಕೋಬಹುದು ಇಬು," ಎಂದರು. ಹಿರಿಯ ಗಂಡಸಿಗೆ ಪಾಕ್, ಹೆಂಗಸಿಗೆ ಇಬು ಎನ್ನುವುದು ನಮ್ಮ ಕಡೆಯ ಮರ್ಯಾದೆ.

"ನಾನೇನು ಸಿಕ್ಕಿಸ್ಲಿ, ಬಾಂಬಾ?"

"ಥರ್ಮಾಸು, ಇಬು. ಇಲ್ಲ ಅಂದ್ರೆ ಚಪ್ಪಲಿ," ಎಂದರು ಅವರು, ನಗದೆ.

ಆಮೇಲೆ ಅವರು ಲೀಟರಿನ ಲೆಕ್ಕ ಹೇಳಿದರು. ಅನ್ನ ಒಯ್ಯುವ ಚೀಲವನ್ನು ಲೀಟರಿನಲ್ಲೇಕೆ ಅಳೆಯುತ್ತಾರೆಂದು ನನಗೆ ಅರ್ಥವಾಗಲಿಲ್ಲ. ನೂಲಿನ ದಪ್ಪ ಹೇಳಿದರು. ನೀರು ಕುಡಿಯುವ ಕೊಳವೆಗೆಂದೇ ಬಿಟ್ಟ ತೂತು ತೋರಿಸಿದರು. ಪ್ರತಿ ಚೀಲವೂ ಹಿಂದಿನದಕ್ಕಿಂತ ಗಟ್ಟಿ ಎನ್ನುತ್ತಿದ್ದರು, ಹಿಂದಿನದನ್ನೂ ಹಾಗೆಯೇ ಹೊಗಳಿದ್ದರು. ನಾನು ತಲೆಯಾಡಿಸುತ್ತ ಹೋದೆ. ತರಗತಿಯಲ್ಲಿ ಏನೂ ತಿಳಿಯದ ಹುಡುಗಿಯರು ನನ್ನೆದುರು ಹೀಗೆಯೇ ತಲೆಯಾಡಿಸುತ್ತಿದ್ದರು.

ನನಗೆ ಚೀಲ ಬೇಕಾಗಿದ್ದ ಕಾರಣ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ನನ್ನ ಗಂಡ ಹರ್ಜಿತೊ ಹೃದಯಾಘಾತವಾಗಿ ಆಸ್ಪತ್ರೆ ಸೇರಿದಾಗ, ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನಾನೊಂದು ಹರಕೆ ಹೊತ್ತುಕೊಂಡೆ. ಇವರು ಉಳಿದರೆ ಮುಂದಿನ ಸುರೊ ತಿಂಗಳಲ್ಲಿ, ನಮ್ಮ ಪಂಚಾಂಗದ ಮೊದಲ ಪವಿತ್ರ ಮಾಸದಲ್ಲಿ, ಲಾವು ಬೆಟ್ಟದ ನೆತ್ತಿಯ ಹತ್ತಿರದ ಚಿಲುಮೆಗೆ ನನ್ನ ಬೆನ್ನ ಮೇಲೆಯೇ ಅನ್ನ ಹೊತ್ತುಕೊಂಡು ಹೋಗಿ, ಅಲ್ಲಿದ್ದವರಿಗೆ ಉಣ್ಣಲು ಕೊಡುತ್ತೇನೆ ಎಂದು. ನಾನು ಜೀವಶಾಸ್ತ್ರದ ಶಿಕ್ಷಕಿಯಾಗಿದ್ದವಳು. ಹೃದಯದ ನಾಲ್ಕು ಕೋಣೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಬರೆದು ಕೈ ಸವೆದಿತ್ತು. ಆ ಹೊತ್ತಿನಲ್ಲಿ ಯಾವ ಕೋಣೆಯೂ ನೆನಪಾಗಲಿಲ್ಲ, ಬೆಟ್ಟ ನೆನಪಾಯಿತು.

ಇವರು ಉಳಿದರು. ಸುರೊ ತಿಂಗಳು ಬಂದು ಅರ್ಧ ಕಳೆಯಿತು. ತೀರಿಸುವ ಮೊದಲು ಹರಕೆಯನ್ನು ಬಾಯಿ ಬಿಟ್ಟು ಹೇಳಬಾರದೆಂದು ನಮ್ಮ ಕಡೆ ನಂಬಿಕೆ. ಹಾಗಾಗಿ ನನಗೆ ಹಠಾತ್ತನೆ ಬೆಟ್ಟದ ಹುಚ್ಚು ಹಿಡಿದಿದೆ ಎಂದೇ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಹುಚ್ಚಿಗೆ ಸೊಂಟ ಒಂದು ಅಡ್ಡಿ. ಬೆನ್ನುಮೂಳೆಯ ಬಿಲ್ಲೆಯೊಂದು ಸರಿದು ವರ್ಷಗಳಾಗಿವೆ. ನನ್ನೊಡನೆ ಬರಲು ಒಪ್ಪಿದ್ದ ಕಿನಾಸಿಹ್, ಹಿಂದಿನ ಬೀದಿಯ ಹುಡುಗಿ, ಚಿಕಿತ್ಸಾಲಯದಲ್ಲಿ ನನ್ನಂಥವರ ಸೊಂಟ ಬೆನ್ನುಗಳನ್ನೇ ನೋಡಿಕೊಳ್ಳುವವಳು. ಅವಳು ಖಡಾಖಂಡಿತವಾಗಿ ಹೇಳಿದ್ದಳು: "ಸೊಂಟಕ್ಕೆ ಬಿಗಿಯೋ ದಪ್ಪ ಬೆಲ್ಟ್ ಇರೋ ಚೀಲ ತಗೊಳ್ಳಿ, ಇಬು. ಭಾರ ಎಲ್ಲ ಸೊಂಟದ ಎಲುಬಿನ ಮೇಲೆ ಕೂರ್ಬೇಕು. ಇಲ್ಲ ಅಂದ್ರೆ ಮೊದಲ್ನೇ ತಂಗುದಾಣದಿಂದ ನಾನು ನಿಮ್ಮನ್ನೇ ಹೊತ್ಕೊಂಡು ಇಳೀಬೇಕಾಗತ್ತೆ."

ಬೆಲ್ಟಿನ ಮಾತು ಕೇಳಿ ಪಾಕ್ ತರ್ಮುಜಿ ಒಳಗಿನಿಂದ ಅಕ್ಕಿಯ ಪ್ಯಾಕೆಟ್ಟುಗಳನ್ನು ತಂದು ಒಂದೊಂದು ಚೀಲಕ್ಕೂ ತುಂಬಿ ನನ್ನ ಬೆನ್ನಿಗೇರಿಸಿದರು. ಬೀದಿಯ ಕೊನೆಯವರೆಗೆ ನಡೆದು ಬನ್ನಿ ಎಂದರು. ನಾನು ನಡೆಯುವಾಗ ಅವರೂ ಅಂಗಡಿ ಬಿಟ್ಟು, ಬೇರೇನೋ ಕೆಲಸವಿದ್ದವರಂತೆ, ಸ್ವಲ್ಪ ಹಿಂದೆ ನಡೆದು ಬರುತ್ತಿದ್ದುದನ್ನು ಕನ್ನಡಿ ಅಂಗಡಿಯೊಂದರ ಕನ್ನಡಿಯಲ್ಲಿ ಕಂಡೆ. ನಾನು ಬೀಳುವೆನೆಂಬ ಹೆದರಿಕೆ ಅವರಿಗೆ. ಕಪ್ಪು ಚೀಲದ ಬೆಲ್ಟು ಸೊಂಟದಿಂದ ಜಾರಿತು. ಮಣ್ಣುಬಣ್ಣದ್ದು ಭುಜ ಕೊಯ್ಯಿತು. ಕೊನೆಯದು ಮಾತ್ರ ಯಾರೋ ಹಿಂದಿನಿಂದ ಮೆಲ್ಲಗೆ ತಬ್ಬಿಕೊಂಡಂತೆ ಕೂತಿತು. ಬೆಲೆಯೂ ಹೆಚ್ಚಿರಲಿಲ್ಲ. ಆ ಗಿಡ್ಡ ಅಳತೆಯಲ್ಲಿ ಉಳಿದಿದ್ದುದು ಅದೊಂದೇ. ಅದು ಹಸಿರು ಬಣ್ಣದ್ದು. ಅಂಗಡಿಯಲ್ಲಿ ಅದು ನನಗೆ ಬರೀ ಬಣ್ಣವಾಗಿ ಕಂಡಿತ್ತು.

ಮನೆಗೆ ಬಂದಾಗ ಇವರು ಜಗುಲಿಯಲ್ಲಿ ಹಕ್ಕಿಯ ಪಂಜರ ತೊಳೆಯುತ್ತಿದ್ದರು.

"ಏನೇ, ಯುದ್ಧ ಶುರುವಾಯ್ತಾ? ರೇಡಿಯೋದಲ್ಲಿ ಏನೂ ಹೇಳ್ಲಿಲ್ವಲ್ಲ."

"ನಿಮಗೆ ಕೊನೇಲಿ ಹೇಳ್ತಾರೆ. ಹೃದಯದ ರೋಗಿ ಅಂತ."

ಪಕ್ಕದ ಮನೆಯ ಸುಮಿರಾಹ್ ಬೇಲಿಯಾಚೆಯಿಂದ ಇಣುಕಿದಳು. ಅವಳು ಬಾಟಿಕ್ ಬಟ್ಟೆಗೆ ಬಣ್ಣ ಅದ್ದುವವಳು, ಕೈಗಳು ಮೊಣಕೈವರೆಗೆ ಸದಾ ಕಂದು. ಅವಳು ನಗಲಿಲ್ಲ.

"ಅಕ್ಕಾ, ಇದನ್ನ ಹಾಕ್ಕೊಂಡು ಲಾವುಗಾ? ಹಸಿರು?"

ಲಾವು ಬೆಟ್ಟಕ್ಕೆ ಹಸಿರು ಉಟ್ಟುಕೊಂಡು ಹೋಗಬಾರದು, ಹೋದರೆ ಬೆಟ್ಟ ಮುನಿಯುತ್ತದೆ. ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೆ ಲೀಟರು, ನೂಲು, ತೂತುಗಳ ನಡುವೆ ಮರೆತೇಹೋಗಿತ್ತು.

"ಉಡೋದಕ್ಕೆ ತಾನೇ ಬೇಡ ಅನ್ನೋದು? ಇದು ಚೀಲ ಕಣಮ್ಮ," ಎಂದರು ಇವರು.

"ತೋಳು ತೂರಿಸ್ತೀರಿ, ಸೊಂಟಕ್ಕೆ ಕಟ್ತೀರಿ, ಎದೆ ಮೇಲೆ ಗುಂಡಿ ಹಾಕ್ತೀರಿ. ಇನ್ನು ಉಡೋದು ಅಂದ್ರೆ ಏನಣ್ಣ?"

ಇವರು ಪಂಜರದ ಕಡೆ ತಿರುಗಿದರು. ಹಕ್ಕಿಗೆ ನೀರು ಹಾಕಿದರು.

ಅಂದಿನಿಂದ ಶುರುವಾಯಿತು ನೋಡಿ ಗೊಂದಲ. ಎಲ್ಲ ಹಸಿರೂ ನಿಷಿದ್ಧವಲ್ಲ, ಎಳೆ ಚಿಗುರಿನ ಹಸಿರು ಮಾತ್ರ ಎಂದಳು ಕಿನಾಸಿಹ್. ಮಸೀದಿ ಬೀದಿಯ ಹಾಲಿನವನು, ಬಿಳಿ ಅಂಚಿರುವ ಹಸಿರು ಮಾತ್ರ ಎಂದ. ಚೀಲದ ಮೇಲಿನ ಗುರುತಿನ ಪಟ್ಟಿ ಬಿಳಿಯದಾಗಿತ್ತು. ನಾನು ಅದನ್ನು ಕತ್ತರಿಸಿ ತೆಗೆದೆ. ಬೆಟ್ಟದ ಬುಡದ ಕಾವಲು ಕೊಠಡಿಗೆ ಫೋನು ಮಾಡಿದರೆ, ಒಬ್ಬರು "ಯಾವುದಾದ್ರೂ ತನ್ನಿ ಇಬು, ಬೆಟ್ಟದ ಮೇಲೆ ಕೆಟ್ಟ ಮಾತು ಆಡ್ಬೇಡಿ ಸಾಕು" ಎಂದರು. ಅವರ ಹಿಂದಿನಿಂದ ಇನ್ನೊಬ್ಬರು "ಬೇಡ ಅನ್ನು, ಬೇಡ ಅನ್ನು" ಎನ್ನುತ್ತಿದ್ದುದೂ ಕೇಳಿಸಿತು. ಮೇಲೊಂದು ಬೇರೆ ಬಣ್ಣದ ಹೊದಿಕೆ ಹಾಕಿಬಿಡು ಎಂದು ಇವರು ಸೂಚಿಸಿದಾಗ ಸುಮಿರಾಹ್ ಕೇಳಿದಳು, "ಒಳಗೆ ಏನಿದೆ ಅಂತ ಬೆಟ್ಟಕ್ಕೆ ಗೊತ್ತಾಗಲ್ವಾ?"

ಹೀಗೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯ ನನಗೇನಿತ್ತು? ಬೆಟ್ಟವೇ ಹಸಿರಾಗಿದೆ. ಹಸಿರೆಂದರೆ ಎಲೆಯೊಳಗಿನ ಒಂದು ರಾಸಾಯನಿಕ ಎಂದು ಪಾಠ ಮಾಡಿದವಳು ನಾನು. ಆದರೆ ಹರಕೆ ಹೊತ್ತವಳೂ ನಾನೇ. ಹರಕೆಯನ್ನು ಬೆಟ್ಟ ಕೇಳಿಸಿಕೊಂಡಿತು ಎನ್ನುವುದಾದರೆ ಹಸಿರನ್ನು ಅದು ನೋಡುವುದಿಲ್ಲ ಎನ್ನುವುದು ಹೇಗೆ? ಅರ್ಧ ನಂಬಿ ಅರ್ಧ ಬಿಡಲು ಬರುತ್ತದೆಯೆ? ಅಡುಗೆಮನೆಯಲ್ಲಿ ನಿಂತು ಇದನ್ನೇ ಯೋಚಿಸುತ್ತ ಎರಡು ಸಲ ಚಹಾಕ್ಕೆ ಉಪ್ಪು ಹಾಕಿದೆ. ಇವರು ಎರಡೂ ಸಲ ಲೋಟ ಬರಿದಾಗುವವರೆಗೆ ಕುಡಿದರು.

ಸುಮಿರಾಹ್‌ಳೇ ದಾರಿ ತೋರಿದಳು. "ಕೊಡಿ ಇಲ್ಲಿ, ಕಂದು ಮಾಡ್ಬಿಡ್ತೀನಿ." ತೊಗಟೆಯ ಬಣ್ಣದ ತನ್ನ ಹಂಡೆಗೆ ಚೀಲವನ್ನು ಅದ್ದಿದಳು. ಅದ್ದಿದಳು, ಒಣಗಿಸಿದಳು, ಮತ್ತೆ ಅದ್ದಿದಳು. ಒಂದು ಮದುವೆಯ ಬಟ್ಟೆಗಳನ್ನು ಬದಿಗಿಟ್ಟು ಹಂಡೆಯನ್ನು ನನ್ನ ಚೀಲಕ್ಕೇ ಮೀಸಲಿಟ್ಟಿದ್ದಳು. ನೈಲಾನು ತೊಗಟೆಯ ಬಣ್ಣವನ್ನು ಕುಡಿಯುವುದಿಲ್ಲ ಎಂಬುದು ನನ್ನಂಥ ಓದಿದವಳಿಗೆ ಮೊದಲೇ ಹೊಳೆಯಬೇಕಿತ್ತು, ಜೀವಮಾನವೆಲ್ಲ ಬಣ್ಣ ಅದ್ದಿದ ಅವಳಿಗೂ ಹೊಳೆಯಬೇಕಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ತಂತಿಯ ಮೇಲೆ ಒಣಗಿದ ಚೀಲ ಮೊದಲಿಗಿಂತ ಹೊಳಪಾಗಿ, ಮೊದಲಿಗಿಂತ ಹಸಿರಾಗಿ ಕಂಡಿತು.

"ಚೆನ್ನಾಗಿ ಒಗೆದ ಹಾಗಾಯ್ತು," ಎಂದರು ಇವರು.

ಸುಮಿರಾಹ್‌ಳ ಮುಖ ಸಣ್ಣದಾಯಿತು. "ಇಂಥ ಹಟಮಾರಿ ಬಟ್ಟೆ ನಾನು ನೋಡೇ ಇಲ್ಲ ಅಕ್ಕಾ."

ಬೇರೆ ಚೀಲಕ್ಕೆ ಸಮಯವಿರಲಿಲ್ಲ. ಕಿನಾಸಿಹ್‌ಗೆ ರಜೆ ಸಿಕ್ಕಿದ್ದು ಆ ಶನಿವಾರ ಮಾತ್ರ, ಅದು ಕಳೆದರೆ ಸುರೊ ತಿಂಗಳೇ ಮುಗಿಯುತ್ತಿತ್ತು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಇಡಿಯಾಗಿ ಬೇಯಿಸಿ ಬಿಡಿಸಿದ ಕೋಳಿ, ಹುರಿದ ತೆಂಪೆ ಎಂಬ ಸೋಯಾ ಬಿಲ್ಲೆ, ಎಲ್ಲವನ್ನೂ ಬಾಳೆಲೆಯಲ್ಲಿ ಪೊಟ್ಟಣ ಕಟ್ಟಿ ಆ ಹಸಿರು ಚೀಲಕ್ಕೇ ತುಂಬಿದೆ. ಇಷ್ಟೊಂದು ಊಟ ಯಾರಿಗೆ ಎಂದು ಇವರು ಕೇಳಲಿಲ್ಲ. ಬೆಲ್ಟನ್ನು ಮಾತ್ರ ತಾವೇ ಬಿಗಿದು, ಒಂದು ಬೆರಳು ಒಳಗೆ ತೂರಿಸಿ, ಬಿಗಿ ಹೆಚ್ಚಾಗಿಲ್ಲವೆಂದು ನೋಡಿದರು.

ಬೆಟ್ಟದ ಬುಡದಲ್ಲಿ ಕಾವಲಿನವರು ಚೀಲ ನೋಡಿದರು, ನನ್ನ ಬಿಳಿಕೂದಲು ನೋಡಿದರು, ಚೀಟಿ ಹರಿದು ಕೊಟ್ಟರು. ಏನೂ ಹೇಳಲಿಲ್ಲ. ಅದು ಒಪ್ಪಿಗೆಯೋ ಮರ್ಯಾದೆಯೋ ನನಗೆ ಗೊತ್ತಾಗಲಿಲ್ಲ.

ಚೀಲದ ಬಗ್ಗೆ ದೂರಿಲ್ಲ. ಭಾರ ಸೊಂಟದ ಮೇಲೆಯೇ ಕೂತಿತ್ತು, ಮೂಳೆ ನೋಯಲಿಲ್ಲ. ಆದರೆ ಮೊದಲನೆಯ ತಂಗುದಾಣ ದಾಟಿದ ಮೇಲೆ ಜಡಿ ಹಿಡಿಯಿತು. ಎದುರು ಇಳಿದು ಬರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ದಾಟಿ ಹೋದವಳು ಓಡೋಡಿ ಹಿಂದೆ ಬಂದಳು.

"ಇಬು, ನಿಂತ್ಕೊಳ್ಳಿ. ರಕ್ತ ಸೋರ್ತಾ ಇದೆ."

ನೋಡಿದರೆ ನನ್ನ ಪ್ಯಾಂಟಿನ ಹಿಂಭಾಗವೆಲ್ಲ ಕೆಂಗಂದು. ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಅವಳ ಜೊತೆಯವರು ಪ್ಲಾಸ್ಟರ್ ಹುಡುಕಲು ತಮ್ಮ ಚೀಲಗಳನ್ನೇ ಸುರುವಿದರು. ಕಿನಾಸಿಹ್ ನನ್ನ ಚೀಲದ ಬೆನ್ನುಮೆತ್ತೆಯನ್ನು ಹಿಂಡಿದಳು. ಸುಮಿರಾಹ್‌ಳ ಹಂಡೆಯ ಬಣ್ಣ ಬಳಬಳನೆ ಇಳಿಯಿತು. ಬಟ್ಟೆ ಕುಡಿಯದ್ದನ್ನೆಲ್ಲ ಒಳಗಿನ ಸ್ಪಂಜು ಕುಡಿದಿತ್ತು.

"ಇಬು, ಚೀಲ ಹಸಿರಾಗೇ ಇದೆ, ನೀವೇ ಕಂದಾಗಿದ್ದೀರಿ," ಎಂದು ಕಿನಾಸಿಹ್ ಅಲ್ಲೇ ಕುಕ್ಕರಿಸಿ ನಕ್ಕಳು. ಆ ಹೆಂಗಸೂ ನಕ್ಕಳು. ಆಮೇಲೆ ತನ್ನ ಚೀಲದಲ್ಲಿದ್ದ ಒಣ ಸರೋಂಗ್ ಲುಂಗಿಯನ್ನು ನನ್ನ ಸೊಂಟಕ್ಕೆ ಸುತ್ತಿ, ಹೆಸರು ಕೂಡ ಹೇಳದೆ ಇಳಿದು ಹೋದಳು.

ಮೂರನೆಯ ತಂಗುದಾಣ ಮುಟ್ಟುವಾಗ ಗಾಳಿ ನಮ್ಮನ್ನು ಹಿಂದಕ್ಕೆ ತಳ್ಳುತ್ತಿತ್ತು. ಅಲ್ಲಿನ ಕಾವಲಿನವನು ಕೈ ಅಡ್ಡ ಹಿಡಿದ.

"ಮೇಲೆ ಮರ ಬೀಳ್ತಾ ಇವೆ ಇಬು. ಇವತ್ತು ಯಾರನ್ನೂ ಬಿಡಲ್ಲ. ಸ್ವಲ್ಪ ತಗ್ಗಿದ ಮೇಲೆ ಎಲ್ಲರೂ ಇಳೀಬೇಕು."

"ನಾನು ಚಿಲುಮೆವರೆಗೆ ಹೋಗ್ಲೇಬೇಕಪ್ಪ."

ಅವನು ನನ್ನ ಮುಖವನ್ನು ನೋಡಿದ. ಸುರೊ ತಿಂಗಳಲ್ಲಿ ಈ ವಯಸ್ಸಿನವಳು ಅನ್ನ ಹೊತ್ತು ಬಂದರೆ ಕಾರಣ ಏನಿರುತ್ತದೆಂದು ಅವನಿಗೆ ಹೇಳಬೇಕಿರಲಿಲ್ಲ. ದನಿ ತಗ್ಗಿಸಿ, "ಇಲ್ಲೇ ಬಿಟ್ಟು ಹೋಗಿ. ನಾಳೆ ದಾರಿ ತೆರೆದ್ರೆ ನಾನೇ ಚಿಲುಮೆ ಹತ್ರ ಒಯ್ದು ಇಡ್ತೀನಿ," ಎಂದ.

ಅವನ ಬೆನ್ನ ಮೇಲೆ ಹೋದರೆ ಹರಕೆ ಮುಟ್ಟುತ್ತದೆಯೆ? ನಾಳೆಗೆ ಹಳಸಿದರೆ? ನನ್ನ ಬೆನ್ನ ಮೇಲೆಯೇ ಬಂದು, ಚಿಲುಮೆ ಮುಟ್ಟದೆ, ಇಲ್ಲೇ ಬಿಚ್ಚಿದರೆ? ತಡೆದದ್ದು ಗಾಳಿಯೋ, ಚೀಲದ ಬಣ್ಣವೋ? ಮುಂದಿನ ವರ್ಷ ನನ್ನ ಸೊಂಟ ಏನು ಹೇಳುತ್ತದೋ, ಇವರ ಹೃದಯ ಏನು ಹೇಳುತ್ತದೋ. ಯಾರನ್ನಾದರೂ ಕೇಳಬೇಕೆನಿಸಿತು. ಕಿನಾಸಿಹ್‌ಗೆ ಹರಕೆಯ ವಿಷಯ ಹೇಳಿರಲಿಲ್ಲ.

ತಗಡಿನ ಸೂರಿನ ಕೆಳಗೆ ನಮಗಿಂತ ಮೊದಲೇ ಬಂದು ಸಿಕ್ಕಿಹಾಕಿಕೊಂಡ ಕೆಲವರು ಮೊಣಕಾಲು ಮಡಚಿ ಕೂತಿದ್ದರು. ಬೆಳಿಗ್ಗೆಯಿಂದ ಅಲ್ಲೇ ಇದ್ದಾರೆಂದು ಕಾವಲಿನವನು ಹೇಳಿದ. ಚೀಲದೊಳಗಿನಿಂದ ತೆಂಗಿನ ಹಾಲಿನ ಅನ್ನದ ಪರಿಮಳ ಆ ಚಿಕ್ಕ ಜಾಗದ ತುಂಬ ಹರಡಿತ್ತು. ಆದರೂ ಒಬ್ಬರೂ ನನ್ನ ಚೀಲದ ಕಡೆ ನೋಡಲಿಲ್ಲ. ಒಬ್ಬ ಮಳೆ ನೋಡುತ್ತಿದ್ದ, ಒಬ್ಬ ತನ್ನ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಪಕ್ಕದಲ್ಲಿದ್ದ ನಡುವಯಸ್ಸಿನ ಗಂಡಸು, ಬಸ್ಸಿನ ಚಾಲಕರ ನೀಲಿ ಜಾಕೆಟ್ಟು ತೊಟ್ಟವನು, ನಾನು ಕೂರಲೆಂದು ಸರಿದು ಮುಖ ತಿರುಗಿಸಿಕೊಂಡ. ಇನ್ನೊಬ್ಬರ ಊಟದ ಮೇಲೆ ಕಣ್ಣು ಹಾಕಬಾರದೆಂದು ನಮಗೆ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಅವನ ಗಂಟಲಿನ ಗುಬುಟು ಮಾತ್ರ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು.

ನಾನು ಸೊಂಟದ ಬೆಲ್ಟು ಬಿಚ್ಚಿದೆ. ಹರಕೆ ತೀರುತ್ತದೋ ಮುರಿಯುತ್ತದೋ ತಿಳಿಯದೆ, ಮೇಲಿನ ಪೊಟ್ಟಣವೊಂದನ್ನು ತೆಗೆದೆ. ಬಾಳೆಲೆ ಇನ್ನೂ ಸ್ವಲ್ಪ ಬೆಚ್ಚಗಿತ್ತು. ಅವನ ಕೈಗಿಟ್ಟೆ.