ಎಣಿಸದೆ ಕಟ್ಟಿದ ಪ್ರಾರ್ಥನೆಮನೆ

ಹರಿವಾಣದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ ಕೂತಿದ್ದೆ. ಕೆಲಸದವರಿಗೆ ಮಧ್ಯಾಹ್ನದ ಪಲಾವು ಮಾಡುವ ಸರದಿ ಅವತ್ತು ನನ್ನದು. ಕ್ಯಾರೆಟ್ಟು ಹೆಚ್ಚಿ ಆಗಿತ್ತು, ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಅಕ್ಕಿಯ ಮೇಲೆ ನೆರಳು ಬಿತ್ತು. ತಲೆ ಎತ್ತುವ ಮೊದಲೇ ಗೊತ್ತಾಯಿತು, ಹನನ್ಯೊ ಅಣ್ಣ.

"ಕಾಗದ ಬರೆದ್ಯೇನಮ್ಮಾ ಬುಲೋರ್?"

"ಅಕ್ಕಿ ಆರಿಸ್ತಿದೀನಿ, ಕಾಣಲ್ವಾ ಅಣ್ಣಾ?"

"ನಿನ್ನೆ ಕೇಳಿದಾಗ ಬಟ್ಟೆ ಒಗೀತಿದ್ದೆ. ಮೊನ್ನೆ ಹಿಟ್ಟು ನಾದ್ತಿದ್ದೆ. ನಿನ್ನ ಕೆಲಸ ಮುಗಿಯೋ ಹೊತ್ತಿಗೆ ಮೆಸ್ಸೀಯನೇ ಬಂದ್ಬಿಡ್ತಾನೆ."

"ಬರ್ಲಿ ಬಿಡು. ಅವನ ಅಕ್ಷರ ನನಗಿಂತ ಚೆನ್ನಾಗಿರುತ್ತೆ, ಅವನ ಕೈಲೇ ಬರೆಸು."

ಹನನ್ಯೊ ಅಣ್ಣ ನಕ್ಕ. ಆದರೆ ಅಲ್ಲಿಂದ ಕದಲಲಿಲ್ಲ.

ಆ ಕಾಗದ ಹೋಗಬೇಕಾದದ್ದು ಯೆರೂಸಲೇಮಿನ ದೇಶಕ್ಕೆ, ಬೇರ್‌ಶೇಬಾದಲ್ಲಿರುವ ನನ್ನ ಅಕ್ಕ ಫ್ರೇಖಾಳಿಗೆ. ನಮ್ಮ ಹಳೇ ಪ್ರಾರ್ಥನೆಮನೆಯ ತೋರಾ ಸುರುಳಿ, ಯೆಹೂದಿಗಳಾದ ನಮ್ಮ ಧರ್ಮಗ್ರಂಥ, ಅವಳ ಸುಪರ್ದಿಯಲ್ಲಿದೆ. ರಸ್ತೆ ಅಗಲ ಮಾಡಬೇಕೆಂದು ಪ್ರಾರ್ಥನೆಮನೆಯನ್ನು ಕೆಡವುವ ಹಿಂದಿನ ದಿನ ನನ್ನ ಭಾವ ನಿಸೋನ್ ಆ ಸುರುಳಿಯನ್ನು ಅದರ ಮರದ ಕರಂಡದ ಸಮೇತ, ನಿದ್ದೆ ಹೋದ ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿ ಹೊರಗೆ ತಂದಿದ್ದ. ಬೀದಿಯವರೆಲ್ಲ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡೆವು.

ಮಾರನೆಯ ದಿನ ಯಂತ್ರ ಬಂತು. ಗೋಡೆ ಬಿದ್ದ ಧೂಳು ಬೀದಿಯ ಒಂದೊಂದು ಮನೆಯ ಹಿಟ್ಟಿನ ಬೋಗುಣಿಗೂ ಬಂದು ಕೂತಿತು. ನಮ್ಮ ಅತ್ತೆ ಆ ಹಿಟ್ಟನ್ನು ಎಸೆಯಗೊಡಲಿಲ್ಲ, ಅದರಲ್ಲೇ ರೊಟ್ಟಿ ಸುಟ್ಟಳು. ಆಮೇಲೆ ಚಪ್ಪಲಿ ಬಿಟ್ಟು, ಕತ್ತಿನ ಪಟ್ಟಿ ಹರಿದುಕೊಂಡು, ಸಾವಿನ ಮನೆಯಲ್ಲಿ ಕೂರುವ ಹಾಗೆ ನೆಲದ ಮೇಲೆ ಕೂತಳು.

"ಗೋಡೆಗೆಲ್ಲ ಯಾರೂ ಸೂತಕ ಕೂರಲ್ಲ ಅತ್ತೆ," ಅಂದೆ.

"ಯೆರೂಸಲೇಮಿನ ಗೋಡೆಗೆ ನಮ್ಮಜ್ಜನ ಅಜ್ಜ, ಅವನಜ್ಜ ಎಲ್ಲಾ ಕೂತಿದ್ರು ಕಣೇ. ಸುಮ್ನೆ ರೊಟ್ಟಿ ತಿನ್ನು."

ತಿಂದೆ. ಹಲ್ಲಿಗೆ ಮಣ್ಣು ಸಿಕ್ಕಿತು.

ರಸ್ತೆಯೇನೋ ಆಮೇಲೆ ಬೇರೆ ಕಡೆ ತಿರುಗಿಕೊಂಡು ಹೋಯಿತು. ಕೆಡವಿದ ಜಾಗ ಹಾಗೇ ಉಳಿಯಿತು. ಇಟ್ಟಿಗೆ ರಾಶಿಯ ನಡುವೆ ಹಿಪ್ಪುನೇರಳೆ ಗಿಡ ಎದ್ದವು, ಮೇಕೆಗಳು ಮೇದವು. ನಮ್ಮ ಮನೆಗಳೂ ಒಂದೊಂದಾಗಿ ಖಾಲಿಯಾದವು. ಅಕ್ಕ ಭಾವ ಹೊರಟಾಗ ಸುರುಳಿಯೂ ಅವರ ಜೊತೆ ಹೋಯಿತು. ರೈಲಿನ ಬಾಗಿಲಲ್ಲಿ ನಿಂತು ಭಾವ ಹೇಳಿದ್ದ, "ಇದನ್ನ ಕೊಟ್ಟಿದ್ದು ಅಂತ ತಿಳೀಬೇಡಿ, ಇಟ್ಟಿರೋದು ಅಂತ ತಿಳೀರಿ. ಗೋಡೆ ಎದ್ದಿತು ಅಂತ ಊರಿಂದ ಕಾಗದ ಬರ್ಲಿ, ವಾಪಸ್ ತರ್ತೀನಿ." ಅಲ್ಲಿ ನಮ್ಮ ಊರಿನವರೇ ಸೇರಿ ಒಂದು ಓಣಿಯಲ್ಲಿ ಸಣ್ಣ ಪ್ರಾರ್ಥನೆಮನೆ ಮಾಡಿಕೊಂಡರು. ಶನಿವಾರ ಶನಿವಾರ ನಮ್ಮ ಸುರುಳಿಯನ್ನೇ ತೆರೆದು ಓದುತ್ತಾರೆ. ಭಾವ ಈಗಿಲ್ಲ. ಅವನ ಮಾತನ್ನು ಅಕ್ಕ ಇಟ್ಟುಕೊಂಡಿದ್ದಾಳೆ.

ಊರಿನಲ್ಲಿ ಕಾಗದ ಬರೆಯುವ ಕೆಲಸ ಮೊದಲಿನಿಂದಲೂ ನನಗೇ ಬೀಳುತ್ತದೆ. ರೇಷ್ಮೆ ಮಿಲ್ಲಿನ ಪಾಳಿ ಮುಗಿಸಿ, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಕಲಿತ ಅಕ್ಷರ ನನ್ನದು. ನಿಧಾನವಾದರೂ ತಪ್ಪಿರುವುದಿಲ್ಲ.

ಹನನ್ಯೊ ಅಣ್ಣ ನಮ್ಮವರಿಗೆ ಶಾಸ್ತ್ರದ ಪ್ರಕಾರ ಕೋಳಿ ಕೊಯ್ದು ಕೊಡುವವನು, ಪ್ರಾರ್ಥನೆ ನಡೆಸುವವನೂ ಅವನೇ. ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳಬಹುದು ಎಂದು ಸರ್ಕಾರದ ಅಪ್ಪಣೆ ಬಂದ ದಿನದಿಂದ ಅವನ ಬೆನ್ನು ನೆಟ್ಟಗಾಗಿತ್ತು. ಹೊರದೇಶದಲ್ಲಿದ್ದ ನಮ್ಮವರು ನೆರವು ಕಳಿಸಿದರು. ಗಾರೆ ಕೆಲಸಕ್ಕೆ ಪಕ್ಕದ ಬೀದಿಯ ಸೋಬಿರ್ ಬಂದ. ಅವನು ಮುಸಲ್ಮಾನ, ಆದರೆ ನಮ್ಮ ಬೀದಿಯ ಗೋಡೆಗಳೆಲ್ಲ ಅವನ ಕೈಯವೇ.

ನಮ್ಮವರ ಮನೆಗಳಲ್ಲಿ ಬಾಗಿಲಿನ ಎದುರಿನ ಗೋಡೆಯಲ್ಲಿ ಒಂದು ಮೊಳದಷ್ಟು ಜಾಗಕ್ಕೆ ಗಾರೆ ಮಾಡುವುದಿಲ್ಲ, ಯೆರೂಸಲೇಮಿನಲ್ಲಿ ಬಿದ್ದ ಆಲಯದ ನೆನಪಿಗೆ. ಸೋಬಿರ್ ಇಲ್ಲೂ ಹಾಗೇ ಬಿಟ್ಟಿದ್ದ. ಹನನ್ಯೊ ಅಣ್ಣ ನೋಡಿ ಹೌಹಾರಿದ.

"ಇದೇನಯ್ಯಾ ಇದು, ಬೋಳು ಬಿಟ್ಟಿದೀಯಾ?"

"ವಯಸ್ಸಲ್ಲಿ ಒಂದ್ಸಲ ತುಂಬಿದ್ದಕ್ಕೆ ನಿಮ್ಮಪ್ಪ ಕರಣೆ ಕಿತ್ಕೊಂಡು ಬೈದಿದ್ರು. ಇವತ್ತು ಬಿಟ್ಟಿದ್ದಕ್ಕೆ ನೀವು ಬೈತಿದೀರಾ. ನಿಮ್ಮ ಮನೆತನಕ್ಕೆ ನಾನು ಏನು ಮಾಡಿದ್ರೂ ತಪ್ಪೇ."

"ಮನೇಲಿ ಬಿಡಬೇಕು, ಪ್ರಾರ್ಥನೆಮನೇಲಿ ಬಿಡೋ ಹಾಗಿಲ್ಲ. ತುಂಬು. ಇಲ್ಲಿ ಯಾವ ಕೊರತೇನೂ ಕಾಣಬಾರದು."

ಸೋಬಿರ್ ಗೊಣಗುತ್ತ ತುಂಬಿದ. ಪಶ್ಚಿಮದ ಗೋಡೆಯಲ್ಲಿ, ಯೆರೂಸಲೇಮಿನ ದಿಕ್ಕಿಗೆ, ಸುರುಳಿಯ ಕರಂಡ ಸರಿಯಾಗಿ ಕೂರುವಂಥ ಗೂಡು ಮಾಡಿದ. ಅದಕ್ಕೆ ನಾನು ನನ್ನ ಮದುವೆಯ ರೇಷ್ಮೆಯಲ್ಲಿ ಪರದೆ ಹೊಲಿದೆ. ಎಲ್ಲ ಆಯಿತು. ಬರೆಯುವುದೊಂದು ಉಳಿಯಿತು.

ನಾನು ಯಾಕೆ ಬರೆಯಲಿಲ್ಲ ಎಂದರೆ, ಅಡಿಗೆಗೆ ನಿಂತವಳಿಗೆ ಎಷ್ಟು ತಟ್ಟೆ ಖಾಲಿ ಉಳಿಯುತ್ತದೆಂದು ಗೊತ್ತಿರುತ್ತದೆ.

ನಮ್ಮಲ್ಲಿ ಮನುಷ್ಯರನ್ನು ಎಣಿಸುವುದಿಲ್ಲ. ಕುರಿ ಎಣಿಸಬಹುದು, ಬಾದಾಮಿ ಎಣಿಸಬಹುದು. ಜನರ ಕಡೆ ಬೆರಳು ಮಾಡಿ ಒಂದು ಎರಡು ಅಂದರೆ ಕೇಡು. ಆದರೆ ಒಟ್ಟಾಗಿ ಪ್ರಾರ್ಥನೆ ನಡೆಸಬೇಕಾದರೆ, ತೋರಾ ತೆರೆದು ಓದಬೇಕಾದರೆ ನಮ್ಮವರೇ ಹತ್ತು ಗಂಡಸರು ಇರಲೇಬೇಕು. ಅದಕ್ಕೇ ಹಿರಿಯರು ಒಂದು ಉಪಾಯ ಮಾಡಿದ್ದಾರೆ. ಹತ್ತು ಪದದ ಒಂದು ಪ್ರಾರ್ಥನೆಯ ಸಾಲು ಇದೆ. ಬಂದವರ ಮುಖ ನೋಡುತ್ತ ಒಬ್ಬೊಬ್ಬರಿಗೆ ಒಂದೊಂದು ಪದ ಹೇಳುತ್ತ ಹೋಗಬೇಕು. ಸಾಲು ಮುಗಿದರೆ ಪ್ರಾರ್ಥನೆ ಶುರು. ಮುಗಿಯದಿದ್ದರೆ ಕಾಯಬೇಕು.

ಕಟ್ಟುವಾಗ ಯಾರೂ ಆ ಸಾಲು ಹೇಳಲಿಲ್ಲ. ನೆರವು ಕಳಿಸಿದವರು ಕೇಳಲಿಲ್ಲ, ನಾವು ಹೇಳಲಿಲ್ಲ. ಅಡಿಪಾಯದ ಹೊತ್ತಿಗೆ ಸಾಲು ಮುಗಿಯುತ್ತಿತ್ತೇನೋ. ವಸಂತದಲ್ಲಿ ಬೊರುಹ್ ತಾತ ತೀರಿಕೊಂಡ. ಸೂರು ಏರಿದ ವಾರ ಕ್ಷೌರದ ಮಿಷೋಯೆಲ್ ಪೆಟ್ಟಿಗೆ ಕಟ್ಟಿದ. ಮಗಳು ವಿಯೆನ್ನಾಕ್ಕೆ ಕರೆಸಿಕೊಂಡಳು.

"ಸೂರು ಆಗ್ಲಿ ಅಂತ ಕಾದೆ ಅಕ್ಕಾ," ಅಂದ, ನನ್ನ ಮುಖ ನೋಡದೆ. "ಈಗ ನಾನಿಲ್ದಿದ್ರೂ ನಡೆಯುತ್ತೆ ಅಲ್ವಾ?"

"ನಡೆಯುತ್ತಪ್ಪಾ," ಅಂದೆ. ಇನ್ನೇನು ಹೇಳಲಿ? ನಿನ್ನನ್ನು ಸೇರಿಸಿದರೂ ಸಾಲದು ಎಂದು ಹೇಳಲೇ?

ಮೊದಲ ಶನಿವಾರ ಬಂತು. ಹೊಸ ಸುಣ್ಣದ ವಾಸನೆ, ತೊಳೆದ ಜಮಖಾನೆ. ನಾವು ಹೆಂಗಸರು ತಡಿಕೆಯ ಹಿಂದೆ ಕೂತೆವು. ಹನನ್ಯೊ ಅಣ್ಣ ಹೊಸ ನಿಲುವಂಗಿ ಹಾಕಿಕೊಂಡು ಎದ್ದು ನಿಂತ, ಒಬ್ಬೊಬ್ಬರ ಮುಖ ನೋಡುತ್ತ ಒಂದೊಂದು ಪದ ಹೇಳುತ್ತ ಬಂದ. ಆ ಸಾಲಿನ ಕೊನೆಯ ಎರಡು ಪದ ಸೇರಿದರೆ 'ಎಂದೆಂದಿಗೂ' ಎಂದು ಅರ್ಥ. ಅಲ್ಲಿಗೆ ಬರುವ ಹೊತ್ತಿಗೆ ಮುಖಗಳು ಮುಗಿದವು. ಅವನು ಒಂದು ಗಳಿಗೆ ನಿಂತ. ಆಮೇಲೆ ಆ ಕಡೆಯ ತುದಿಯಿಂದ ಮತ್ತೆ ಶುರು ಮಾಡಿದ.

ಅಲ್ಲಿಗೇ ಬಂದು ನಿಂತಿತು.

ಸೋಬಿರ್ ಕಲ್ಲಂಗಡಿ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ. "ಯಾಕಣ್ಣಾ, ಶುರು ಮಾಡ್ತಿಲ್ಲ?"

"ಜನ ಬರ್ಲಿ ಅಂತ."

"ನಾನು ಬಂದಿದೀನಲ್ಲ. ಟೋಪೀನೂ ಹಾಕ್ಕೊಂಡೇ ಬಂದಿದೀನಿ."

ಎಲ್ಲರೂ ನಕ್ಕರು. ಹನನ್ಯೊ ಅಣ್ಣನೂ ನಗಲು ನೋಡಿದ. "ಈ ಲೆಕ್ಕಕ್ಕೆ ನೀನು ಬರಲ್ಲ ಕಣಪ್ಪಾ. ಬರೋ ಹಾಗಿದ್ದಿದ್ರೆ ನಿನ್ನನ್ನೇ ಮುಂದೆ ಕೂರಿಸ್ತಿದ್ದೆ."

ಬಿಸಿಲು ಕಿಟಕಿಯಿಂದ ಇಳಿದು ಜಮಖಾನೆ ದಾಟಿ ಗೋಡೆ ಹತ್ತಿತು. ಯಾರೂ ಬರಲಿಲ್ಲ. ಕೊನೆಗೆ ಒಬ್ಬೊಬ್ಬರೂ ತಮ್ಮ ತಮ್ಮ ಪಾಡಿಗೆ, ತಮ್ಮ ತಮ್ಮ ಮನೆಯಲ್ಲಿ ಮಾಡಬಹುದಾಗಿದ್ದ ಪ್ರಾರ್ಥನೆ ಮಾಡಿಕೊಂಡರು. ಖಾಲಿ ಗೂಡಿನ ಪರದೆ ಸರಿಸಲು ಯಾರ ಕೈಯೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಹನನ್ಯೊ ಅಣ್ಣ ನಮ್ಮ ಅಂಗಳಕ್ಕೆ ಬಂದು ಮಂಚದ ಮೇಲೆ ಕೂತ. ಹಸಿರು ಚಹಾ ಬಗ್ಗಿಸಿ ಕೊಟ್ಟೆ. ಬಟ್ಟಲು ಕೈಯಲ್ಲೇ ಆರಿತು.

"ಬರಿ ಇವತ್ತು. ಸುರುಳಿ ಕಳಿಸಿ ಅಂತ ಬರಿ."

"ಕಳಿಸಿದ್ರೆ ಓದೋರು ಯಾರಣ್ಣಾ?"

"ಬರ್ತಾರೆ. ಸುರುಳಿ ಬಂದ್ರೆ ಜನ ಬರ್ತಾರೆ."

"ಗೋಡೆ ಎದ್ರೆ ಬರ್ತಾರೆ ಅಂತ ನೀನೇ ಅಂದಿದ್ದೆ."

ಅವನಿಗೆ ಸಿಟ್ಟು ಬಂತು. "ಸುರುಳಿ ಈ ಊರಿನ ಮಗಳು. ಮನೆ ಕಟ್ಟಿ ಮಗಳನ್ನ ಕರೀದೇ ಇರು ಅಂತೀಯಾ? ಹೆತ್ತೋರೇನೇ ನಾವು?"

"ಬಾಳ್ತಿರೋ ಮಗಳಣ್ಣಾ ಅವಳು. ಅಲ್ಲಿ ವಾರ ವಾರ ಅವಳನ್ನ ಮಾತಾಡಿಸ್ತಾರೆ. ಇಲ್ಲಿಗೆ ಕರೆಸಿ ಗೂಡಲ್ಲಿ ಕೂರಿಸಿ ಬಾಗಿಲು ಹಾಕ್ಕೊಂಡ್ರೆ ನಮಗೆ ಸಮಾಧಾನ ಆಗುತ್ತೆ. ಅವಳಿಗೆ?"

ಅವನು ಬಟ್ಟಲು ಕೆಳಗಿಟ್ಟು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ನಾನು ಅವನನ್ನು ಹುಡುಗನಾಗಿದ್ದಾಗಿನಿಂದ ಕಂಡವಳು. ಬೆರಳ ಸಂದಿಯಿಂದ ನೀರು ಗಡ್ಡಕ್ಕೆ ಇಳಿದದ್ದನ್ನು ಮಾತ್ರ ಅವತ್ತೇ ಕಂಡೆ.

"ನನಗೆ ಗೊತ್ತಿತ್ತು ಬುಲೋರ್," ಅಂದ. "ಹಬ್ಬಕ್ಕೆ ಕೊಯ್ಯೋಕೆ ಬರೋ ಕೋಳಿ ಕಮ್ಮಿ ಆಗ್ತಿದ್ದದ್ದು ನೋಡಿದ್ರೇ ಗೊತ್ತಾಗ್ತಿತ್ತು. ಬೀದೀಲಿ ನಡೆಯೋವಾಗ ಬಾಗಿಲು ಬಾಗಿಲಿಗೆ ಒಂದೊಂದು ಪದ ಹೇಳ್ಕೋತಿದ್ದೆ, ಮನಸ್ಸಲ್ಲೇ. ಬೊರುಹ್ ತಾತ ಹೋದ ಮೇಲೆ ಒಂದ್ಸಲಾನೂ ಸಾಲು ಮುಗೀಲಿಲ್ಲ. ಬಾಯಿ ಬಿಟ್ಟು ಹೇಳಿದ್ರೆ ಕಟ್ಟೋ ಕೈ ನಿಂತುಹೋಗುತ್ತೆ ಅಂತ ಸುಮ್ನಿದ್ದೆ."

"ನಾನೂ ಅದಕ್ಕೇ ಸುಮ್ನಿದ್ದೆ," ಅಂದೆ.

ಆ ರಾಶಿ ಇಟ್ಟಿಗೆಯ ಮುಂದೆ ನಾವೆಲ್ಲ ದಿನಾ ಓಡಾಡಿದವರು. ಜನ ಇದ್ದಾಗ ಅಪ್ಪಣೆ ಇರಲಿಲ್ಲ ನಿಜ. ಆದರೆ ಯಾರದಾದರೂ ಒಂದು ಪಡಸಾಲೆ ಇತ್ತು, ನಾಲ್ಕು ಜಮಖಾನೆ ಇತ್ತು. ಗೋಡೆ ಇಲ್ಲದೆ ಪ್ರಾರ್ಥನೆ ಎಂಥದು ಎಂದು ಗೋಡೆಗೇ ಕಾದೆವು. ಕಾಯುತ್ತಿರುವಾಗ ಜನ ಕರಗಿದರು. ಈಗ ಅನ್ನಿಸುತ್ತದೆ, ಕೇಡಾದರೆ ಆಗಲಿ ಎಂದು ಒಮ್ಮೆ ಜೋರಾಗಿ ಎಣಿಸಿಬಿಡಬೇಕಿತ್ತು.

ಹನನ್ಯೊ ಅಣ್ಣ ಮುಖ ಒರೆಸಿಕೊಂಡ. "ಬೇಸಿಗೇಲಿ ಅಲ್ಲಿಂದ ಬರ್ತಾರಲ್ಲ, ಹಿರಿಯರ ಗೋರಿ ನೋಡೋಕೆ."

"ಬರ್ತಾರೆ. ಬಸ್ಸು ತುಂಬ ಬರ್ತಾರೆ."

"ಗೋರಿ ನೋಡಿ, ನಿನ್ನ ಪಲಾವು ತಿಂದು, ಸಂಜೆ ವಾಪಸ್ ಹೋಗ್ತಾರೆ." ಕೆಳಗಿಟ್ಟ ಬಟ್ಟಲು ಮತ್ತೆ ಎತ್ತಿಕೊಂಡ. "ಬರೋವಾಗ ಅವಳನ್ನೂ ಕರ್ಕೊಂಡು ಬರ್ಲಿ. ಒಂದು ಶನಿವಾರ ನಿಲ್ಲಲಿ. ಅವರ ಜನಾನೇ ಓದ್ಲಿ, ನಾವು ಕೇಳ್ತೀವಿ. ಆಮೇಲೆ ಕರ್ಕೊಂಡು ಹೋಗ್ಲಿ."

"ತವರಿಗೆ ಬಂದು ಹೋದ ಹಾಗೆ."

"ಹೂಂ. ಬರಿ. ನನ್ನ ಮನಸ್ಸು ಬದಲಾಗೋಕೆ ಮುಂಚೆ ಬರಿ."

ಅಲ್ಲೇ ಮಂಚದ ಮೇಲೆ ಬರೆದೆ. ಅಕ್ಕಾ, ಗೋಡೆ ಎದ್ದಿದೆ. ಚೆನ್ನಾಗಿದೆ. ಸುರುಳಿ ನಿಮ್ಮಲ್ಲೇ ಇರಲಿ, ಅದನ್ನು ಓದುವವರ ನಡುವೆ. ಭಾವನ ಮಾತು ನೀನು ಉಳಿಸಿಕೊಂಡೆ, ಆ ಮಾತಿನ ಭಾರದಿಂದ ಊರು ನಿನ್ನನ್ನು ಬಿಡಿಸಿದೆ. ಬೇಸಿಗೆಯಲ್ಲಿ ಗೋರಿಗೆ ಬರುವ ಗಂಡಸರು ಸುರುಳಿಯನ್ನು ಹೊತ್ತು ತರಲಿ, ಒಂದು ಶನಿವಾರ ಓದಿ, ಹೊತ್ತುಕೊಂಡು ಹೋಗಲಿ. ನಿನ್ನ ಮಂಡಿ ಒಪ್ಪಿದರೆ ನೀನೂ ಬಾ. ಕೆಳಗೆ ಹನನ್ಯೊ ಅಣ್ಣ ರುಜು ಹಾಕಿದ. ಕೊನೆಯ ಅಕ್ಷರ ಓರೆಯಾಯಿತು.

ಅಂಚೆ ಕಚೇರಿಯ ಹುಡುಗಿ ದಿಲೋರಮ್ ಲಕೋಟೆ ತೂಗಿ ನೋಡಿದಳು. "ಈಗೆಲ್ಲ ಫೋನಲ್ಲೇ ಮಾತಾಡ್ತಾರಲ್ಲ ಅಜ್ಜೀ, ಕಾಗದ ಯಾಕೆ?"

"ಫೋನಲ್ಲಿ ಆಡಿದ ಮಾತಿಗೆ ರುಜು ಎಲ್ಲಿ ಹಾಕ್ತೀಯಮ್ಮಾ?"

ಅವಳು ನಕ್ಕು ಅಂಚೆಚೀಟಿ ಅಂಟಿಸಿ, ಮುದ್ರೆ ಒತ್ತಿದಳು. ಲಕೋಟೆ ಬಿಚ್ಚಿ ಕಾಗದವನ್ನು ಇನ್ನೊಮ್ಮೆ ಓದಿ ನೋಡಿ ಕೊಡುತ್ತೇನೆ ಎಂದು ನಾನು ಕೈ ಚಾಚಿದೆ. ಅಷ್ಟರಲ್ಲಿ ಅದನ್ನು ಹಿಂದಿನ ಚೀಲಕ್ಕೆ ಹಾಕಿ, ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವನನ್ನು ಕರೆದಿದ್ದಳು.