ಮೂರು ಹಳದಿ ಬಾವುಟ

ಹೆಲ್ಮಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಮುಂಗೋಣೆಯ ಪರದೆ ಸರಿಸಿದಳು. ಹೊರಗೆ ಎಲ್ಲವೂ ನೆಟ್ಟಗಿತ್ತು. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ಅಂಗಳದ ಹುಲ್ಲನ್ನು ಮಾವ ನಿನ್ನೆ ಸಂಜೆ ಈ ವರ್ಷದ ಕೊನೆಯ ಸಲ ಕತ್ತರಿಸಿದ್ದರು. ಆ ಹುಲ್ಲಿನಲ್ಲಿ ಮೂರು ಪುಟ್ಟ ಹಳದಿ ಬಾವುಟಗಳು ದಾರ ಹಿಡಿದು ನೆಟ್ಟಂತೆ ಒಂದೇ ಸಾಲಿನಲ್ಲಿ ನಿಂತಿದ್ದವು. ಒಂದು ಗೋಡೆಯ ಗ್ಯಾಸ್ ಮೀಟರಿನ ಕೆಳಗೆ, ಒಂದು ಅಂಗಳದ ನಡುವೆ, ಒಂದು ರಸ್ತೆಯ ಅಂಚಿನಲ್ಲಿ. ಮಂಗಳವಾರ ಗ್ಯಾಸ್ ಕಂಪನಿಯವನು ಬಂದು, ನೆಲದಡಿಯ ಕೊಳವೆ ಎಲ್ಲಿ ಹಾದುಹೋಗುತ್ತದೆಂದು ಯಂತ್ರ ಹಿಡಿದು ಹುಡುಕಿ ಅವನ್ನು ನೆಟ್ಟಿದ್ದ. ಆಗ ಅವು ಹೀಗಿರಲಿಲ್ಲ. ನಡುವಿನ ಬಾವುಟ ಲೈಲಾಕ್ ಪೊದೆಗೆ ಒರಗಿಕೊಂಡಿತ್ತು. ಹೆಲ್ಮಿ ಮಗು ಸೈಮಿಯನ್ನು ಎತ್ತಿಕೊಂಡು ಅಲ್ಲಿ ನಿಂತಿದ್ದಾಗ, ಅದು ಬಾವುಟಕ್ಕೆಂದು ಕೈಚಾಚಿ ಪೊದೆಯ ಒಣ ಎಲೆಯನ್ನು ಕಿತ್ತು ಬಾಯಿಗಿಟ್ಟುಕೊಂಡಿತ್ತು. ಈಗ ಪೊದೆಗೂ ಬಾವುಟಕ್ಕೂ ನಡುವೆ ಎರಡು ಹೆಜ್ಜೆ ಅಂತರ.

ಅಥವಾ ಅವಳಿಗೇ ತಪ್ಪು ನೆನಪೇ? ಮಗು ಹುಟ್ಟಿ ಐದು ತಿಂಗಳಾಯಿತು. ಅಂದಿನಿಂದ ಒಂದು ದಿನವೂ ಸರಿಯಾಗಿ ನಿದ್ದೆಯಿಲ್ಲ. ಮೊನ್ನೆ ಉಪ್ಪಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕಿದ್ದಳು.

ಠಣ್, ಠಣ್, ಠಣ್.

ಅಂಗಳದೆದುರಿನ ಫುಟ್‌ಪಾತಿನ ಮೇಲ್ತುದಿಯಿಂದ ಸದ್ದು ಬಂತು. ಕೆಲಸದವರು ಗೂಟ ಹೊಡೆಯಲು ಶುರುಮಾಡಿದ್ದರು.

ಅವರ ಬೀದಿ ಗುಡ್ಡದಿಂದ ಸುಪೀರಿಯರ್ ಸರೋವರದ ಕಡೆಗೆ ಜಾರುಬಂಡೆಯ ಹಾಗೆ ಇಳಿಯುತ್ತದೆ. ಮನೆಯೆದುರಿನ ಫುಟ್‌ಪಾತಿಗೆ ಐವತ್ತು ವರ್ಷವಾಗಿತ್ತು. ಪ್ರತಿ ಚಳಿಗಾಲದಲ್ಲೂ ನೆಲ ಹೆಪ್ಪುಗಟ್ಟಿ ಉಬ್ಬಿ, ಚಪ್ಪಡಿಗಳನ್ನು ಒಂದೊಂದಾಗಿ ಮೇಲೆತ್ತಿತ್ತು. ಹಿಮ ಕರಗಿಸಲೆಂದು ಎರಚಿದ ಉಪ್ಪು ಅವುಗಳ ಮೈ ತಿಂದು ಹಕ್ಕಳೆ ಎಬ್ಬಿಸಿತ್ತು. ಕಳೆದ ಮಾರ್ಚಿನಲ್ಲಿ ಅಂಚೆಯ ಹೆಂಗಸು ಅಲ್ಲಿ ಎಡವಿ ಮಣಿಕಟ್ಟು ಮುರಿದುಕೊಂಡಳು. ಬೇಸಿಗೆಯಲ್ಲಿ ನಗರಸಭೆಯ ಕಾಗದ ಬಂತು: ಫುಟ್‌ಪಾತು ಮನೆಯವರದ್ದೇ ಹೊಣೆ, ಹಿಮ ಬೀಳುವುದರೊಳಗೆ ಹೊಸದು ಹಾಕಿಸಿ. ಹೆಲ್ಮಿಯ ಗಂಡ ನೀಲೋ ಅದಿರಿನ ಹಡಗಿನಲ್ಲಿದ್ದ. ಸರೋವರ ಹೆಪ್ಪುಗಟ್ಟಿ ಹಡಗುಗಳು ನಿಲ್ಲುವ ಜನವರಿಯವರೆಗೆ ಅವನು ಮನೆಗೆ ಬರುವಂತಿರಲಿಲ್ಲ. ಹಾಗಾಗಿ ಮಾವ ಆರ್ವಿಡ್ ಮುಂದೆ ನಿಂತು ಕೆಲಸ ಮಾಡಿಸುತ್ತಿದ್ದರು. ಕೆಲಸಕ್ಕೆ ಬಂದವರು ಲೈಲ್ ಹೌಗೆನ್ ಮತ್ತು ಅವನ ತಂಗಿ ಡಾರ್ಲಾ.

ನಿನ್ನೆ ಬೆಳಿಗ್ಗೆ ಅವರು ಹಳೆಯ ಚಪ್ಪಡಿಗಳನ್ನು ಒಡೆದು ಲಾರಿಗೆ ತುಂಬಿ, ಜಲ್ಲಿ ಹಾಸಿ ಹೋಗಿದ್ದರು. ಗ್ಯಾಸಿನವನು ಚಪ್ಪಡಿಯ ಮೇಲೆ ಬಣ್ಣದಲ್ಲಿ ಎಳೆದಿದ್ದ ಗೆರೆ ಆ ಲಾರಿಯಲ್ಲೇ ಹೋಯಿತು. ಹುಲ್ಲಿನ ಮೇಲಿನ ಬಣ್ಣ ಮಾವನ ಯಂತ್ರಕ್ಕೆ ಸಿಕ್ಕಿ ಹೋಯಿತು. ಉಳಿದದ್ದು ಬಾವುಟ ಮಾತ್ರ.

ಠಣ್, ಠಣ್.

ಅವಳು ಮೆಟ್ಟಿಲಿಗೆ ಬಂದಳು. ಚಳಿ ಮುಖಕ್ಕೆ ಹೊಡೆಯಿತು. ಆರ್ವಿಡ್ ಮೇಲಿನ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಏಲಕ್ಕಿ ಬ್ರೆಡ್ಡಿನ ತಟ್ಟೆ.

"ಮಾವ, ನಿನ್ನೆ ಹುಲ್ಲು ಕತ್ತರಿಸೋವಾಗ ಬಾವುಟ ಕಿತ್ತಿದ್ರಾ?"

"ಕೀಳದೆ ಇನ್ನೇನು? ಅದರ ತಂತಿ ಬ್ಲೇಡಿಗೆ ಸಿಕ್ಕಿದ್ರೆ ಯಂತ್ರದ ಗತಿ ಏನಾಗ್ಬೇಕು?"

"ಮತ್ತೆ ಎಲ್ಲಿ ನೆಟ್ರಿ?"

"ಎಲ್ಲಿತ್ತೋ ಅಲ್ಲಿ."

"ನಡುವಿಂದು ಪೊದೆ ಪಕ್ಕದಲ್ಲಿತ್ತು ಅಂತ ನನಗೆ..."

ಅವರು ತಿರುಗಿ ನೋಡಿದರು. ನೀಲಿ ಕಣ್ಣು, ಬಿಳಿ ಹುಬ್ಬು. "ನೋಡಮ್ಮ, ಮೂವತ್ತೆಂಟು ವರ್ಷ ಅದಿರಿನ ರೈಲಿನಲ್ಲಿ ಹಳಿ ಜೋಡಿಸಿದ ಕೈ ಇದು. ಕೂದಲೆಳೆಯಷ್ಟು ಆಚೀಚೆ ಆದ್ರೆ ಗಾಡಿ ಬೀಳ್ತಿತ್ತು. ಒಂದಾದ್ರೂ ಬಿತ್ತಾ? ಕೇಳು ಯಾರನ್ನಾದ್ರೂ."

ಹೆಲ್ಮಿ ಆ ಕೈಯನ್ನೇ ನೋಡಿದಳು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಇದೇ ಕೈ ಒಲೆಯ ಮೇಲೆ ಕೆಟಲ್ ಇಟ್ಟು ಮರೆತಿತ್ತು. ಕೆಟಲಿನ ತಳ ಕೆಂಪಗಾಗಿ ಕಾದು, ಅಡುಗೆಮನೆಯ ತುಂಬ ಸುಟ್ಟ ವಾಸನೆ. ಅವಳು ಅದನ್ನು ಉಜ್ಜಿ ಉಜ್ಜಿ, ಕಪ್ಪು ಹೋಗದೆ, ನೆಲಮಾಳಿಗೆಯಲ್ಲಿ ಅಡಗಿಸಿಟ್ಟಿದ್ದಳು. ನೀಲೋಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಅಲ್ಲಿಂದಲೇ ಅಪ್ಪನಿಗೆ ವೃದ್ಧಾಶ್ರಮದಲ್ಲಿ ಕೋಣೆ ಹುಡುಕುತ್ತಿದ್ದ. ಮಾವನೂ ಕೆಟಲ್ ಎಲ್ಲಿ ಹೋಯಿತೆಂದು ಒಮ್ಮೆಯೂ ಕೇಳಿರಲಿಲ್ಲ.

ಡಾರ್ಲಾ ಇಳಿಜಾರಿನಲ್ಲಿ ಕೆಳಗೆ ಬರುತ್ತಿದ್ದಳು. ಲೈಲ್ ಕಾಂಕ್ರೀಟ್ ಚೆಲ್ಲದಂತೆ ತಡೆಯುವ ಅಂಚಿನ ಹಲಗೆಯನ್ನು ದಾರಕ್ಕೆ ಹೊಂದಿಸಿ, ರಸಮಟ್ಟ ಇಟ್ಟು ಸಮವಾಗಿದೆಯೇ ಎಂದು ನೋಡಿ "ಹೂಂ" ಎಂದ ಕೂಡಲೇ ಅವಳು ಹಲಗೆಯ ಬೆನ್ನಿಗೆ ಕಬ್ಬಿಣದ ಗೂಟ ಇಟ್ಟು ಸಮ್ಮಟಿಗೆ ಎತ್ತುತ್ತಿದ್ದಳು. ತೋಳುದ್ದದ ಗೂಟ, ತುದಿ ಭರ್ಜಿಯ ಹಾಗೆ. ಐದು ಪೆಟ್ಟಿಗೆ ಒಂದು ಗೂಟ ನೆಲದೊಳಗೆ ಹೋಗುತ್ತಿತ್ತು. ಅವಳ ನೆನಪು ನಿಜವಾದರೆ ಕೊಳವೆಯಿರುವುದು ಪೊದೆಯ ಎದುರಿಗೆ; ಅಲ್ಲಿಗೆ ಬರುವುದು ಏಳನೆಯದು. ಹೆಲ್ಮಿ ಎಣಿಸಿದಳು. ನಾಲ್ಕು ಆಗಿದ್ದವು.

"ಲೈಲ್," ಅವಳು ಕೆಳಗಿಳಿದು ಕೇಳಿದಳು, "ನಿನ್ನೆ ಚಪ್ಪಡಿ ಮೇಲೆ ಹಳದಿ ಗೆರೆ ಇತ್ತಲ್ಲ, ಎಲ್ಲಿತ್ತು ನೆನಪಿದೆಯಾ?"

"ನಿನ್ನೇದಾ?" ಅವನು ನಕ್ಕ. "ಈ ವಾರ ಆರು ಮನೆ ಮುಂದೆ ಒಡೆದಿದೀನಿ ತಾಯಿ. ಎಲ್ಲರ ಮನೆ ಮುಂದೂ ಹಳದಿ ಗೆರೆ. ಯಾಕೆ?"

"ಬಾವುಟ ಸ್ವಲ್ಪ... ಜರುಗಿದ ಹಾಗಿದೆ."

"ಯಜಮಾನ್ರೇ!" ಲೈಲ್ ಮೆಟ್ಟಿಲ ಕಡೆಗೆ ಕೂಗಿದ. "ಬಾವುಟ ಜರುಗಿದೆಯಂತೆ, ಸೊಸೆ ದೂರು ಕೊಡ್ತಿದಾಳೆ!"

"ಅವಳಿಗೆ ನಿದ್ದೆ ಸಾಲದು, ಪಾಪ," ಆರ್ವಿಡ್ ಹೇಳಿದರು. "ನಾನೇ ಕಿತ್ತು ನಾನೇ ನೆಟ್ಟಿದ್ದು. ಅದದೇ ತೂತಿಗೆ."

"ರೈಲ್ವೆಯವರ ಮಾತಂದ್ರೆ ರೈಲ್ವೆ ಮಾತು," ಲೈಲ್ ಹಲಗೆಯ ಮೇಲೆ ಬಗ್ಗಿದ. "ಹನ್ನೊಂದಕ್ಕೆ ಕಾಂಕ್ರೀಟ್ ಲಾರಿ ಬರುತ್ತೆ ತಾಯಿ. ನಾಳೆಯಿಂದ ಚಳಿ ಸೊನ್ನೆಗಿಂತ ಕೆಳಗೆ ಅಂತಿದಾರೆ. ಇವತ್ತು ತಪ್ಪಿದ್ರೆ ಇನ್ನು ಮೇ ತಿಂಗಳು. ಅಲ್ಲೀವರೆಗೆ ಜಲ್ಲಿ ಮೇಲೇ ಓಡಾಡ್ತೀರಾ?"

"ಅಣ್ಣ, ಬಾಯಿ ಕಡಿಮೆ, ಹಲಗೆ ಜಾಸ್ತಿ," ಎಂದಳು ಡಾರ್ಲಾ.

ಹೆಲ್ಮಿ ಮತ್ತೆ ಬಾವುಟ ನೋಡಿದಳು, ಪೊದೆ ನೋಡಿದಳು. ಅದದೇ ತೂತಿಗೆ ಎಂದರಲ್ಲ. ಅಷ್ಟು ಖಚಿತವಾಗಿ ಹೇಳುವವರ ಎದುರು ತನ್ನದು ಏನು? ಒಂದು ಎಲೆ. ಮಗು ಬಾಯಿಗಿಟ್ಟುಕೊಂಡ ಒಂದು ಒಣ ಎಲೆ.

ಐದನೆಯದು. ಠಣ್, ಠಣ್.

ಅವಳ ಮೂಗಿಗೆ ಇಲ್ಲದ ವಾಸನೆ ಬಂತು, ಗ್ಯಾಸ್ ಸೋರಿದಾಗಿನ ಕೊಳೆತ ಮೊಟ್ಟೆಯದು. ಅವಳು ಉಸಿರೆಳೆದು ನೋಡಿದಳು. ಬರೀ ಒದ್ದೆ ಮಣ್ಣು, ಕಾಫಿ. ಮೀಟರಿನ ಗೋಡೆಯ ಒಳಬದಿಗೇ ತೊಟ್ಟಿಲಿತ್ತು. ಮಗುವನ್ನು ಎತ್ತಿಕೊಂಡು ಬೀದಿಯ ತುದಿಗೆ ಹೋಗಿಬಿಡಲೇ? ಹೋದರೆ ಡಾರ್ಲಾ ಇಲ್ಲೇ ಇರುತ್ತಾಳೆ, ಮಾವ ಇರುತ್ತಾರೆ. ಹೋಗದೆ ಇಲ್ಲೇ ನಿಂತರೆ ಮಗು ಒಳಗಿದೆ. ಎರಡು ಕಡೆಗೂ ಕಾಲು ಏಳಲಿಲ್ಲ. ಕೂಗಬೇಕೆಂದುಕೊಂಡಳು. ಕೂಗಲಿಲ್ಲ.

ಆರನೆಯದೂ ಹೋಯಿತು.

ಲೈಲ್ ರಸಮಟ್ಟ ಇಟ್ಟ. "ಹೂಂ."

ಡಾರ್ಲಾ ಏಳನೆಯ ಗೂಟವನ್ನು ಪೊದೆಯ ಎದುರಿಗೆ ಇಟ್ಟಳು. ಒಂದು. ಗೂಟ ಒಂದು ಗೇಣು ಇಳಿಯಿತು. ಎರಡು. ಹೆಲ್ಮಿಯ ಹಲ್ಲು ಕಟಕಟ ಅಂದವು. ಮೂರು.

ತಾನು ಯಾವಾಗ ನಡೆದಳೋ ಅವಳಿಗೆ ತಿಳಿಯದು. ಮಂಡಿಯಡಿಯಲ್ಲಿ ಜಲ್ಲಿ ಚುಚ್ಚುತ್ತಿತ್ತು. ಅವಳ ಅಂಗೈ ಗೂಟದ ತಲೆಯ ಮೇಲಿತ್ತು. ಕಬ್ಬಿಣ ಪೆಟ್ಟು ತಿಂದು ಬಿಸಿಯಾಗಿತ್ತು.

"ಅಯ್ಯೋ ನಿನ್ನ!" ಡಾರ್ಲಾ ಮೈಯೆಲ್ಲ ತಿರುಚಿಕೊಂಡಳು. ಸಮ್ಮಟಿಗೆ ಹೆಲ್ಮಿಯ ಕಿವಿಯ ಪಕ್ಕದಲ್ಲಿ ಹಾದು ಜಲ್ಲಿಗೆ ಬಿತ್ತು. "ತಲೆ ಕೆಟ್ಟಿದೆಯೇನೇ? ಕೈ ಜಜ್ಜಿ ಹೋಗ್ತಿತ್ತಲ್ಲೇ! ನಿನ್ನ ಮಗೂನ ನಾನು ಎತ್ತಿಕೊಳ್ಳಬೇಕಾಗಿತ್ತಾ?"

"ಅಗೆದು ನೋಡಿ," ಎಂದಳು ಹೆಲ್ಮಿ. ದನಿ ಬೇರೆ ಯಾರದೋ ಹಾಗಿತ್ತು. "ಕೈಯಲ್ಲಿ ಅಗೆದು ನೋಡಿ. ಆಮೇಲೆ ತೆಗೀತೀನಿ."

"ಹೆಲ್ಮಿ!" ಆರ್ವಿಡ್ ಎದ್ದು ನಿಂತಿದ್ದರು. "ಬೀದಿಯಲ್ಲಿ ಏನಿದು? ನಾನು ಸುಳ್ಳು ಹೇಳ್ತೀನಾ?"

ಅವಳು ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಕೈ ತೆಗೆದುಬಿಡುತ್ತಿದ್ದಳು.

ಲೈಲ್ ತಂಗಿಯನ್ನು ನೋಡಿದ. ಡಾರ್ಲಾ ಹೆಲ್ಮಿಯ ಕೈ ನೋಡುತ್ತಿದ್ದಳು. ಅದು ಗೂಟದ ಮೇಲಿಂದ ಕದಲಲಿಲ್ಲ. "ಸಲಿಕೆ ಕೊಡು ಅಣ್ಣ," ಎಂದಳು. "ಐದು ನಿಮಿಷ. ಇವಳು ಹೀಗೆ ಕೂತ್ರೆ ನಾನಂತೂ ಹೊಡೆಯೋಲ್ಲ."

ಮೊದಲು ಬಾವುಟಗಳ ಸಾಲಿಗೆ ಎದುರಾಗಿ ಅಗೆದರು. ಮೊಣಕಾಲುದ್ದ ಹೋದರೂ ಮಣ್ಣು, ಕೆಂಪು ಜೇಡಿ, ಮತ್ತೆ ಮಣ್ಣು. ಕೊಳವೆ ಇರಲಿಲ್ಲ. ಲೈಲ್ ಮಾತು ನಿಲ್ಲಿಸಿದ. ಆಮೇಲೆ ಅವನು ಹೆಲ್ಮಿಯ ಪಕ್ಕಕ್ಕೆ ಬಂದು, ಸಲಿಕೆಯನ್ನು ಬದಿಗಿಟ್ಟು, ಕರಣೆಯಿಂದ ಗೂಟದ ಬುಡದ ಮಣ್ಣು ಕೆರೆಯತೊಡಗಿದ. ಕೊನೆಗೆ ಕರಣೆಯನ್ನೂ ಇಟ್ಟು ಬೆರಳಲ್ಲೇ.

ಹಳದಿ ಕಂಡಿತು. ಹೆಬ್ಬೆರಳಿಗಿಂತ ತುಸು ದಪ್ಪದ ಪ್ಲಾಸ್ಟಿಕ್ ಕೊಳವೆ, ಮೀಟರಿನಿಂದ ಪೊದೆಯ ಬದಿಗೆ ಓರೆಯಾಗಿ ಬಂದು ರಸ್ತೆಯ ಕಡೆ ಹೋಗುತ್ತಿತ್ತು. ಗೂಟದ ತುದಿ ಸರಿಯಾಗಿ ಅದರ ನೆತ್ತಿಯ ಮೇಲಿತ್ತು. ನಡುವೆ ನಾಲ್ಕು ಬೆರಳು ಮಣ್ಣು.

ಡಾರ್ಲಾ ಗ್ಲೌಸು ಕಳಚಿ, ಮುಖ ಒರೆಸಿಕೊಂಡು, ಸಮ್ಮಟಿಗೆಯನ್ನು ದೂರ ಒಯ್ದು ಇಟ್ಟು ಬಂದಳು. ಲೈಲ್ ಗೂಟವನ್ನು ಎರಡೂ ಕೈಯಿಂದ ಹಿಡಿದು, ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸುವ ಹಾಗೆ ಮೆಲ್ಲಗೆ ಮೇಲೆತ್ತಿದ.

"ಕೈ ತೆಗಿ ತಾಯಿ," ಎಂದ. "ಇನ್ನು ತೆಗೀಬಹುದು."

ಡಾರ್ಲಾ ಹೆಲ್ಮಿಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. "ಒಳಗೆ ಹೋಗಿ ಮಗು ನೋಡಿಕೊಂಡು ಬಾ," ಎಂದಳು. "ಆಮೇಲೆ ನಿನಗೂ ನನಗೂ ಒಂದೊಂದು ಲೋಟ ಕಾಫಿ. ನಮ್ಮಣ್ಣನಿಗೆ ಬೇಡ."

ಸೈಮಿ ನಿದ್ದೆಯಲ್ಲೇ ಇತ್ತು. ಹೆಲ್ಮಿ ತೊಟ್ಟಿಲ ಅಂಚು ಹಿಡಿದು, ಅದರ ಹೊಟ್ಟೆ ಏರಿಳಿಯುವುದನ್ನು ಇಪ್ಪತ್ತರವರೆಗೆ ಎಣಿಸಿದಳು. ಕಿಟಕಿಯಾಚೆ ಲೈಲ್ ಫೋನಿನಲ್ಲಿ ಮಾತಾಡುತ್ತಿದ್ದ. ಲಾರಿ ಎರಡು ಗಂಟೆಗೆ ಬರಲಿ, ಗ್ಯಾಸಿನವನು ಅದಕ್ಕೂ ಮುಂಚೆ ಬಂದು ಮತ್ತೊಮ್ಮೆ ಗುರುತು ಹಾಕಲಿ ಎಂದು ಹೇಳುತ್ತಿದ್ದ. ಭಯ ಇನ್ನೂ ಹೋಗಿರಲಿಲ್ಲ. ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡಿತ್ತು.

ಅವಳು ಹೊರಗೆ ಬಂದಾಗ ಆರ್ವಿಡ್ ಗುಂಡಿಯ ಪಕ್ಕದಲ್ಲಿ ಒಬ್ಬರೇ ನಿಂತಿದ್ದರು. ಟೋಪಿ ಕೈಯಲ್ಲಿತ್ತು.

"ಓರೆಯಾಗಿತ್ತು," ಎಂದರು, ಅವಳು ಹತ್ತಿರ ಬಂದ ಮೇಲೆ. "ಅವನು ನೆಟ್ಟಿದ್ದು ಓರೆಯಾಗಿತ್ತು. ಹುಡುಗ ಅವಸರದಲ್ಲಿ ನೆಟ್ಟಿದಾನೆ ಅಂದುಕೊಂಡು ನೆಟ್ಟಗೆ ಮಾಡಿದೆ ಅಂತ ಕಾಣುತ್ತೆ." ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. "ಕಾಣುತ್ತೆ, ಅಷ್ಟೇ. ಕಿತ್ತಿದ್ದು ನೆನಪಿದೆ. ನೆಟ್ಟಿದ್ದು ನೆನಪಿಲ್ಲ."

ಅವಳು ಗುಂಡಿಯೊಳಗಿನ ಹಳದಿ ಕೊಳವೆಯನ್ನು ನೋಡಿದಳು.

"ಆ ಕೆಟಲ್," ಎಂದರು. "ಅದನ್ನು ನೀನೇ ಬಚ್ಚಿಟ್ಟೆ ಅಲ್ವಾ?"

"ಹೂಂ ಮಾವ."

ಅವರು ಅವಳ ಕಡೆ ಮುಖ ತಿರುಗಿಸಿದರು. ತನ್ನಷ್ಟೇ ಹೆದರಿದ ಮುಖವನ್ನು ಹೆಲ್ಮಿ ಆ ಬೆಳಿಗ್ಗೆ ಮೊದಲ ಸಲ ನೋಡಿದಳು. ತನ್ನ ಹೆದರಿಕೆ ಒಂದು ಗೂಟದ್ದು. ಇವರದ್ದು ಯಾವಾಗಿನಿಂದ ಇತ್ತೋ.

"ನೀಲೋ ಭಾನುವಾರ ಫೋನ್ ಮಾಡ್ತಾನೆ," ಎಂದರು ಅವರು. "ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿರು. ನಾನು ಬಿಟ್ಟಿದ್ದನ್ನ ನೀನು ಹೇಳು."

"ಆಗಲಿ."

ಆಮೇಲೆ ಅವರು ಹುಲ್ಲಿನೊಳಗೆ ನಡೆದು, ನಡುವಿನ ಬಾವುಟವನ್ನು ಕಿತ್ತರು. ರಸ್ತೆಯಂಚಿನದನ್ನೂ ಕಿತ್ತರು. ಎರಡನ್ನೂ ಹಿಡಿದುಕೊಂಡು ಅಂಗಳದ ಮಧ್ಯೆ, ದಾರಿ ತಪ್ಪಿದವರ ಹಾಗೆ ನಿಂತರು. ಸರೋವರದಿಂದ ಬೀಸಿದ ಗಾಳಿಗೆ ಹಳದಿ ಚಿಂದಿಗಳು ಪಟಪಟ ಹೊಡೆದುಕೊಂಡವು.

"ಹೇಳಮ್ಮ," ಎಂದರು. "ಎಲ್ಲಿ ನೆಡಲಿ?"

ಹೆಲ್ಮಿ ಪೊದೆಯ ಬಳಿಗೆ ಹೋಗಿ, ಒಣ ಎಲೆಗಳ ಪಕ್ಕದಲ್ಲಿ ಕಾಲಿನಿಂದ ನೆಲ ಮುಟ್ಟಿ ತೋರಿಸಿದಳು.

"ಇಲ್ಲಿ ಮಾವ."

ಅವರು ಬಗ್ಗಿ ಮೊದಲನೆಯದನ್ನು ನೆಟ್ಟರು. ನೆಟ್ಟ ಮೇಲೂ ತಂತಿಯಿಂದ ಕೈ ಬಿಡದೆ ತಲೆಯೆತ್ತಿ ಅವಳ ಮುಖ ನೋಡಿದರು. ಅವಳು "ಸರಿ" ಎಂದ ಮೇಲೆ ಬಿಟ್ಟರು.