ಎಡಗಡೆ ಕೂರುವವರಿಲ್ಲದೆ

ನಾನು ಒಂದು ಸಣ್ಣ ಕಾರು. ಉತ್ತರದ ಒಂದು ದೊಡ್ಡ ಕಾರ್ಖಾನೆಯಲ್ಲಿ, ಬೆಂಕಿಯ ಕಿಡಿಗಳ ನಡುವೆ ಹುಟ್ಟಿದೆ. ನನ್ನ ಹಿಂದೆ ಮುಂದೆ ನನ್ನದೇ ಮುಖದವರು ಸಾಲಾಗಿ ನಿಂತಿದ್ದರು. ಬಣ್ಣ ಬಳಿದ ಮೇಲೆ ಮಾತ್ರ ನಮ್ಮ ನಮ್ಮಲ್ಲಿ ಒಂದಿಷ್ಟು ಬೇರೆತನ ಬಂತು. ನನ್ನ ಪಾಲಿಗೆ ಬಂದದ್ದು ಮೋಡದ ಬೂದು. ಲಾರಿಯ ಬೆನ್ನೇರಿ ಹುಬ್ಬಳ್ಳಿಗೆ ಬಂದಿಳಿದಾಗ ನನ್ನ ಗಾಲಿಗಳಿಗೆ ಇನ್ನೂ ರಸ್ತೆಯ ಪರಿಚಯವೇ ಇರಲಿಲ್ಲ.

ಮನುಷ್ಯರನ್ನು ನಾನು ಮುಖ ನೋಡಿ ಗುರುತಿಸುವುದಿಲ್ಲ, ಪಾದದಿಂದ ಅರಿಯುತ್ತೇನೆ. ಮೊದಲ ಒಡೆಯರು ವಕೀಲರು. ಅವರದು ಸಿಟ್ಟಿನ ಪಾದ. ಕೋರ್ಟಿನಲ್ಲಿ ಸೋತ ದಿನ ಬ್ರೇಕಿಗೆ ಒದೆತ ಬೀಳುತ್ತಿತ್ತು. ಕೆಲವು ವರ್ಷಕ್ಕೆ ಅವರು ದೊಡ್ಡ ಕಾರು ತಂದು, ನನ್ನನ್ನು ನೀರಾವರಿ ಇಲಾಖೆಯಲ್ಲಿದ್ದ ಗುರುಸಿದ್ದಪ್ಪನವರಿಗೆ ಮಾರಿದರು.

ಗುರುಸಿದ್ದಪ್ಪನವರದು ಹಗುರವಾದ ಪಾದ. ನಿದ್ದೆ ಹೋದ ಮಗುವಿನ ತಲೆಯ ಕೆಳಗಿಂದ ಕೈ ತೆಗೆಯುವ ಹಾಗೆ ಕ್ಲಚ್ ಬಿಡುತ್ತಿದ್ದರು. ಊರ ಹೊರಗಿನ ಬಡಾವಣೆಯ ಆ ಮನೆಯಲ್ಲಿ ಅವರು ಮತ್ತು ಹೆಂಡತಿ ದಾಕ್ಷಾಯಣಿ, ಇಬ್ಬರೇ. ಮಕ್ಕಳಾಗಿರಲಿಲ್ಲ. ಒಮ್ಮೆ ಕಲಘಟಗಿ ರಸ್ತೆ ಖಾಲಿ ಇದ್ದಾಗ, ತಮಗೂ ಗಾಡಿ ಓಡಿಸುವುದನ್ನು ಒಂದಿಷ್ಟು ಕಲಿಸಿ ಎಂದು ದಾಕ್ಷಾಯಣಿ ಕೇಳಿದರು.

“ನಾ ಇರೂತನಕಾ ನಿನಗ್ಯಾಕ ಬೇಕ ಅದು? ಆರಾಮ ಕುಂದ್ರು” ಎಂದರು ಗುರುಸಿದ್ದಪ್ಪ.

ಪ್ರೀತಿಯಿಂದಲೇ ಹೇಳಿದ್ದು. ಪ್ರೀತಿಯಿಂದ ಹೇಳಿದ್ದಕ್ಕೇ ಆಕೆ ಮತ್ತೆ ಕೇಳಲಿಲ್ಲ. ಹೀಗೆ ವರ್ಷಗಳು ಹೋದವು. ದಾಕ್ಷಾಯಣಿ ಆರಾಮವಾಗಿಯೇ ಕೂತರು.

ಒಂದು ಮುಂಜಾನೆ ಗುರುಸಿದ್ದಪ್ಪನವರು ಬಚ್ಚಲಲ್ಲಿ ಬಿದ್ದರು. ಆಸ್ಪತ್ರೆಯಿಂದ ಮರಳಿದಾಗ ಬಲಗೈ, ಬಲಗಾಲು ನಿಂತುಹೋಗಿದ್ದವು. ಅದಕ್ಕಿಂತ ಹೆಚ್ಚಾಗಿ ಮಾತು ಹೋಗಿತ್ತು. ಎಲ್ಲ ತಿಳಿಯುತ್ತಿತ್ತು, ಒಂದಕ್ಷರವೂ ಹೊರಬರುತ್ತಿರಲಿಲ್ಲ. ಮಾತು ತಿರುಗಿ ಬರುವುದಿದ್ದರೆ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲೇ, ವಾರಕ್ಕೆ ಮೂರು ಸಲವಾದರೂ ಮಾತು ಕಲಿಸುವವರ ಬಳಿ ಕರೆತನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಚಿಕಿತ್ಸಾಲಯ ಊರಿನ ಇನ್ನೊಂದು ತುದಿಯಲ್ಲಿತ್ತು. ಆಟೋದಲ್ಲಿ ಕರೆದೊಯ್ದ ದಿನ ರಸ್ತೆಯ ಉಬ್ಬಿನಲ್ಲಿ ಮೈ ಜಾರಿ ಹಣೆ ಒಡೆಯಿತು. ಬಾಡಿಗೆ ಕಾರಿನವರು ಒಮ್ಮೆ ಬಂದವರು ಮತ್ತೆ ಬರಲಿಲ್ಲ. ಮೈದುನ ಈರಣ್ಣ ನನ್ನನ್ನು ನಡೆಸಿಕೊಂಡು ನಾಲ್ಕಾರು ಸಲ ಹೋಗಿಬಂದ. ಆಮೇಲೆ ಅಂಗಡಿ ನೋಡುವವರಿಲ್ಲ ಎಂದ. ನಾನು ಮಾಡಿನಡಿ ಸುಮ್ಮನೆ ನಿಂತೆ. ದಿನಗಳು ಕಳೆಯುತ್ತಿದ್ದವು.

ದಾಕ್ಷಾಯಣಿ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಲೈಸೆನ್ಸ್ ಕೈಗೆ ಬಂದ ದಿನ ದೇವರ ಮುಂದಿಟ್ಟು, ಗಂಡನ ಎಡಗೈಯಲ್ಲಿಟ್ಟರು. ಆಮೇಲೆ ನನ್ನೊಳಗೆ ಬಂದು ಕೂತು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕೀಲಿ ತಿರುಗಿಸಿದರು. ಕ್ಲಚ್ ಒಮ್ಮೆಲೇ ಬಿಟ್ಟರು. ನಾನು ಜಿಗಿದು, ಎಂಜಿನ್ ಬಂದಾಗಿ ಸತ್ತೆ. ಮತ್ತೆ ಹಾಗೇ. ಆರನೆಯ ಸಲಕ್ಕೆ ಅವರು ಕೀಲಿ ತೆಗೆದು ಕೆಳಗಿಳಿದರು.

ಅವರಿಗೆ ಅಂದು ತಿಳಿದ ಸಂಗತಿ ಇದು: ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಕ್ಲಚ್ಚು, ಬ್ರೇಕು ಇದ್ದವು. ಅಷ್ಟು ದಿನವೂ ಒತ್ತಿದ್ದು, ಬಿಟ್ಟಿದ್ದು ಎಲ್ಲ ಅವನೇ. ಇವರು ಬರೀ ಸ್ಟೇರಿಂಗ್ ತಿರುಗಿಸಿದ್ದರು. ಹೋಗಿ ಕೇಳಿದರೆ, ರೂಢಿಯಾದರೆ ಬರುತ್ತದೆ, ತಿಳಿದವರನ್ನು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ಎಂದರಂತೆ.

ತಿಳಿದವರು ಮನೆಯಲ್ಲೇ ಇದ್ದರು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮಾತಿಲ್ಲದೆ.

ಈರಣ್ಣ ಒಂದು ಸಂಜೆ ಬಂದು ಪಕ್ಕದಲ್ಲಿ ಕೂತ. ನಾನು ಗೇಟಿನ ಕಂಬಕ್ಕೆ ಹಾಯ್ದೆ. ಅವನು ಇಳಿದು ನನ್ನ ಕೆನ್ನೆಯ ತಗ್ಗನ್ನು ಸವರಿ ನಕ್ಕ. “ವೈನಿ, ಇದು ರೊಟ್ಟಿ ಬಡದಂಗಲ್ರಿ. ಆ ಲೈಸೆನ್ಸ್ ತಿಜೋರಿ ಒಳಗ ಇಟ್ಟಬಿಡ್ರಿ, ಬಂಗಾರದ ಕೂಡ.” ಮತ್ತೆ ಅವನು ಬರಲಿಲ್ಲ.

ಆಯುಧಪೂಜೆ ಬಂತು. ನಮ್ಮ ಕಡೆ ಗಾಡಿಗೆ ವಿಭೂತಿ ಹಚ್ಚಿ, ಆರತಿ ಬೆಳಗುವುದು ಹೆಂಗಸರು. ಗಾಲಿಯಡಿ ಇಟ್ಟ ಲಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸುವುದು ಗಂಡಸರು. ಆ ವರ್ಷ ದಾಕ್ಷಾಯಣಿ ಆರತಿ ಮಾಡಿದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ತಾವೇ ಒಳಗೆ ಬಂದು ಕೂತರು. ನಾನು ಜಿಗಿದರೆ ಎದುರಿಗೇ ಗೋಡೆ. ಆ ಅಂಜಿಕೆಗೆ ಎಡಪಾದವನ್ನು ಕೂದಲೆಳೆಯಷ್ಟೇ ಎತ್ತಿದರು. ಕ್ಲಚ್ ಹಿಡಿಯುವ ಆ ಒಂದು ಹಂತದಲ್ಲಿ ನನ್ನ ಮೈ ಸಣ್ಣಗೆ ಕಂಪಿಸಿತು. ಪಾದ ಅಲ್ಲೇ ನಿಂತಿತು. ಗಾಲಿ ಹಣ್ಣನ್ನು ಮುಟ್ಟಿತು, ಹಣ್ಣು ಒಂದು ಕ್ಷಣ ನನ್ನನ್ನು ತಡೆಯಿತು, ಆಮೇಲೆ ಮೆಲ್ಲಗೆ ಮಣಿಯಿತು. ಅಷ್ಟು ಜನ ಹೇಳದೆ ಹೋದದ್ದನ್ನು ಒಂದು ಲಿಂಬೆಹಣ್ಣು ಅವರ ಪಾದಕ್ಕೆ ಹೇಳಿಕೊಟ್ಟಿತು.

ಮರುದಿನದಿಂದ ದಿನಾ ಬೆಳಗ್ಗೆ ಮುಂದಿನ ಗಾಲಿಗೆ ಒಂದು ಹಣ್ಣು. ಒಡೆಯದ ಹಾಗೆ ಮುಟ್ಟಿ ನಿಲ್ಲಬೇಕು, ಹಿಂದೆ ಸರಿಯಬೇಕು. ಮೊದಮೊದಲು ಎಲ್ಲವೂ ಒಡೆದವು. ಒಡೆದವನ್ನು ಅವರು ಗೇಟಿನಾಚೆ ಗಿಡದ ಬುಡಕ್ಕೆ ಎಸೆಯುತ್ತಿದ್ದರು.

ಎದುರು ಮನೆಯ ಫಕೀರೇಶ ಕಂಪನಿ ಬಸ್ಸು ಓಡಿಸುವವನು. ಭಾನುವಾರದಿಂದ ತಾನು ಪಕ್ಕದಲ್ಲಿ ಕೂರುತ್ತೇನೆ, ತಿಂಗಳೊಳಗೆ ನೀವೇ ಊರೊಳಗೆ ಹೋಗಿಬರುತ್ತೀರಿ ಎಂದು ಒಪ್ಪಿದ್ದ. ಆ ಭಾನುವಾರ ದಾಕ್ಷಾಯಣಿ ಬೇಗ ಎದ್ದು ಅವನಿಗೆಂದು ಉಪ್ಪಿಟ್ಟು ಮಾಡಿಟ್ಟು ಕಾದರು. ಬಂದದ್ದು ಅವನ ತಾಯಿ ಗೌರವ್ವ. ಗೇಟಿನಾಚೆಯೇ ನಿಂತಳು.

“ನಿನ್ನ ಸಂಕಟ ನನಗ ತಿಳೀತದವಾ. ಆದ್ರ ದಿನಾ ಮುಂಜಾನೆ ಲಿಂಬಿಹಣ್ಣ ತುಳಸ್ತಿ, ನಮ್ಮ ಬಾಗಲಕಡೆ ಒಗೀತಿ. ನಮ್ಮ ಮನ್ಯಾಗ ಸೊಸಿ ಬಸರಿ ಅದಾಳ. ಫಕೀರೇಶ ಬರೂದಿಲ್ಲ.”

“ಗೌರವ್ವ, ಅದು ಮಾಟಾ ಅಲ್ರಿ. ಕ್ಲಚ್ಚಿಗೆ.”

“ಅದ್ಯಾವ ದೇವ್ರವಾ?” ಎಂದಳು ಗೌರವ್ವ. ಉತ್ತರಕ್ಕೂ ಕಾಯದೆ, ಗಿಡದ ಬುಡವನ್ನು ಬಳಸಿ ದೂರದಿಂದ ನಡೆದು ಹೋದಳು.

ದಾಕ್ಷಾಯಣಿ ನನ್ನೊಳಗೆ ಬಂದು ಕೂತು ನಗಲು ಹೋದರು. ನಗೆ ಅರ್ಧಕ್ಕೇ ತುಂಡಾಯಿತು. ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ಪಕ್ಕದಲ್ಲಿ ಕೂರಲು ಇನ್ನು ಯಾರನ್ನು ಕೇಳುವುದು?

ಹಾಗಾಗಿ ಒಬ್ಬರೇ ಕಲಿತರು. ಹಾಲಿನವನು ಬರುವ ಮೊದಲು ಬಡಾವಣೆಯ ಖಾಲಿ ರಸ್ತೆಗಳಲ್ಲಿ ಸುತ್ತು. ಯಾರಾದರೂ ಹೇಳಿಕೊಟ್ಟಿದ್ದರೆ ಒಂದು ಬೆಳಗ್ಗೆ ಕಲಿಯಬಹುದಾಗಿದ್ದ ಸಂಗತಿಗೆ ಅವರಿಗೆ ಹದಿನೈದು ದಿನ ಹಿಡಿಯುತ್ತಿತ್ತು. ಏರಿನಲ್ಲಿ ನಾನು ಹಿಂದಕ್ಕೆ ಜಾರುವುದೇಕೆ, ತಿರುವಿನಲ್ಲಿ ಕೊಸರುವುದೇಕೆ, ಎಲ್ಲವನ್ನೂ ತಪ್ಪಿ ತಪ್ಪಿಯೇ ತಿಳಿದರು. ಮರಳಿ ಬರುವಾಗ ಕಿಟಕಿಯಲ್ಲಿ ಗುರುಸಿದ್ದಪ್ಪನವರ ಮುಖ ಕಾಣುತ್ತಿತ್ತು. ಆಗ ದಾಕ್ಷಾಯಣಿಯ ಪಾದ ಬಿಗಿಯಾಗುತ್ತಿತ್ತು. ರಸ್ತೆಗಿಂತ ಆ ನೋಟಕ್ಕೆ ಅವರು ಹೆಚ್ಚು ಅಂಜುತ್ತಿದ್ದರು.

ಗಂಡನನ್ನು ಎಡಗಡೆ ಕೂರಿಸಿಕೊಂಡು ಊರು ದಾಟುವ ಧೈರ್ಯ ಬಂದಾಗ ಆರು ತಿಂಗಳು ಕಳೆದುಹೋಗಿದ್ದವು. ಅಂದು ನಾವು ಎಲ್ಲಿಯೂ ತಾಗದೆ, ಎಲ್ಲಿಯೂ ಸಾಯದೆ ಹೋಗಿ ಮುಟ್ಟಿದೆವು. ತಪಾಸಣೆ ಮುಗಿದ ಮೇಲೆ ಮಾತು ಕಲಿಸುವ ಡಾಕ್ಟರಬಾಯಿ ಗುರುಸಿದ್ದಪ್ಪನವರನ್ನು ಹಿಡಿದುಕೊಂಡು ನನ್ನ ಬಾಗಿಲ ತನಕ ಬಂದಳು. ಚಿಕ್ಕ ವಯಸ್ಸಿನ ಮೆದು ಮಾತಿನ ಹುಡುಗಿ.

“ನಡುವ ಇಷ್ಟು ದಿನಾ ಯಾಕ ಬಿಟ್ರಿ ಅಮ್ಮಾರ? ಮಾತು ಆವಾಗ ಬರೂವಷ್ಟು ಈಗ ಬರೂದಿಲ್ರಿ.”

“ಗಾಡಿ ಕಲೀತಿದ್ದೆವಾ” ಎಂದರು ದಾಕ್ಷಾಯಣಿ.

ಆಮೇಲೆ ನನ್ನೊಳಗೆ ಬಂದು ಕೂತರು. ಯಾರಾದರೂ ನಾಲ್ಕು ಭಾನುವಾರ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು ಎಂದು ಮೆಲ್ಲಗೆ ತಮಗೆ ತಾವೇ ಹೇಳಿಕೊಂಡರು. ಗಂಡನ ಕಡೆ ತಿರುಗಿದರು.

“ಒಂದ ಮಾತ ಅನ್ರಿ. ಬೈದ್ರೂ ನಡೀತದ.”

ಗುರುಸಿದ್ದಪ್ಪನವರ ತುಟಿ ಅಲುಗಿತು. ಉಸಿರು ಮಾತ್ರ ಬಂತು.

ಆದರೂ ಹೋಗುವುದನ್ನು ಬಿಡಲಿಲ್ಲ. ಒಂದೆರಡು ಸ್ವರಗಳು ಮರಳಿದವು, ಮಾತಾಗಲಿಲ್ಲ. ದಾರಿಯಲ್ಲಿ ಎಮ್ಮೆಯೋ ಲಾರಿಯೋ ಅಡ್ಡ ಬಂದರೆ, ದಾಕ್ಷಾಯಣಿ ಬ್ರೇಕ್ ಮುಟ್ಟುವ ಮೊದಲೇ ಗುರುಸಿದ್ದಪ್ಪನವರ ಎಡಗಾಲು ನನ್ನ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕಿರಲಿಲ್ಲ. ದಾಕ್ಷಾಯಣಿ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಒಮ್ಮೆ ಮಾತ್ರ, ಇನ್ನೂ ತಮ್ಮ ಮೇಲೆ ನಂಬಿಕೆ ಇಲ್ಲವೇನು ಎಂದು ಎದುರಿನ ರಸ್ತೆಯನ್ನು ಕೇಳುವಂತೆ ಕೇಳಿದರು.

ಒಂದು ದಿನ ಚೆನ್ನಮ್ಮ ಸರ್ಕಲ್ಲಿನಲ್ಲಿ ಬಸ್ಸೊಂದು ಮೈಮೇಲೆ ಬಂದಂತೆ ತಿರುಗಿತು. ದಾಕ್ಷಾಯಣಿ ತಡೆದು ನಿಲ್ಲಿಸಿದರು, ಹಗುರವಾಗಿ. ಪಕ್ಕದ ಕಾಲು ಅಲುಗಲಿಲ್ಲ. ಆಮೇಲೆ ಎಂದೂ ಅದು ನನ್ನ ನೆಲ ಒತ್ತಲಿಲ್ಲ. ಗುರುಸಿದ್ದಪ್ಪನವರು ದಾರಿಯುದ್ದಕ್ಕೂ ಸೀಟಿಗೆ ತಲೆಯಾನಿಸಿ ನಿದ್ದೆ ಹೋಗತೊಡಗಿದರು.

ದಾಕ್ಷಾಯಣಿ ಅದನ್ನು ಬೇರೆಯೇ ತಿಳಿದರು. ಇದ್ದ ಒಂದು ಕಾಲಿನ ಕಸುವೂ ಹೋಯಿತು ಎಂದು ಗದಗಿನ ತಂಗಿಗೆ ಫೋನಿನಲ್ಲಿ ಹೇಳಿ ಅತ್ತರು. ಇಳಿಸುವಾಗ ಗಂಡನ ಭಾರವನ್ನೆಲ್ಲ ತಮ್ಮ ಹೆಗಲಿಗೇ ತೆಗೆದುಕೊಳ್ಳುತ್ತಿದ್ದರಲ್ಲ, ಹಾಗಾಗಿ ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ನನ್ನ ಬಾಗಿಲಂಚನ್ನು ಒತ್ತಿ ಎದ್ದ ಆ ಪಾದ ಎಂದಿನಷ್ಟೇ ಗಟ್ಟಿಯಾಗಿತ್ತು.

ಮುಂದಿನ ಚಳಿಗಾಲದಲ್ಲಿ ಗುರುಸಿದ್ದಪ್ಪನವರು ತೀರಿಕೊಂಡರು. ದಾಕ್ಷಾಯಣಿ ಇನ್ನೂ ಕೆಲವು ವರ್ಷ ನನ್ನನ್ನು ಓಡಿಸಿದರು. ಸಂತೆಗೆ, ತಂಗಿಯ ಮನೆಗೆ, ಯಾರನ್ನೂ ಕರೆಯದೆ, ಒಬ್ಬರೇ. ನನ್ನ ಎಂಜಿನ್ ಸೋತ ಮೇಲೆ ತರಕಾರಿಯವನೊಬ್ಬ ಕೊಂಡ. ಅವನ ನಂತರ ಈ ಗುಜರಿಯ ಮೂಲೆ. ಗಾಲಿಗಳು ಹೋಗಿವೆ, ಸೀಟುಗಳು ಹೋಗಿವೆ. ಬರಿಯ ನೆಲ ಉಳಿದಿದೆ, ಅದರಲ್ಲಿ ಮಳೆನೀರು ನಿಲ್ಲುತ್ತದೆ.

ಇಲ್ಲಿ ಸುಮ್ಮನೆ ಬಿದ್ದುಕೊಂಡು ಯೋಚಿಸುತ್ತೇನೆ. ಆ ಮನೆಯಲ್ಲಿ ಒಬ್ಬರು ಒಂದೇ ಒಂದು ಮಾತಿಗಾಗಿ ಪಡಬಾರದಷ್ಟು ಕಷ್ಟಪಟ್ಟು ಕಲಿತರು. ಇನ್ನೊಬ್ಬರು ಆ ಮಾತನ್ನು, ತಮಗೆ ಉಳಿದಿದ್ದ ಒಂದು ಪಾದದಿಂದ, ಅದನ್ನು ಅಲುಗಿಸದೆ ಹೇಳಿದರು. ಕೇಳಿಸಿಕೊಂಡದ್ದು ನಾನು. ದಾಕ್ಷಾಯಣಿ ಈಗ ಎಲ್ಲಿದ್ದಾರೋ, ಗಂಡ ಕೊನೆಯ ತನಕ ತನ್ನನ್ನು ನಂಬಲಿಲ್ಲ ಎಂದೇ ತಿಳಿದಿರಬಹುದು.